ಕಂಪ್ಯೂಟರ್ ತೆವಳುತ್ತಿದೆಯೇ? ಆಂಟಿವೈರಸ್ ಕಿತ್ತುಹಾಕುವ ಮುನ್ನ ಇಷ್ಟು ನೋಡಿ

ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಬೆಳಗಿನ ಹತ್ತು ಗಂಟೆಯೆಂದರೆ ನೂಕುನುಗ್ಗಲು. ಒಬ್ಬರಿಗೆ ಪಹಣಿ ಪ್ರಿಂಟ್ ಬೇಕು, ಇನ್ನೊಬ್ಬರಿಗೆ ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ ಹಾಕಬೇಕು, ಮತ್ತೊಬ್ಬರು ಪೆನ್‌ಡ್ರೈವ್ ಹಿಡಿದು ನಿಂತಿದ್ದಾರೆ. ಅಂಗಡಿ ನಡೆಸುವ ಅಕ್ಕ ಮೌಸ್ ಒತ್ತುತ್ತಲೇ ಇದ್ದರು, ತೆರೆಯ ಮೇಲೆ ನೀಲಿ ಉಂಗುರ ಸುತ್ತುತ್ತಲೇ ಇತ್ತು. ಫ್ಯಾನಿನ ಸದ್ದು ಬಾಗಿಲಾಚೆಗೂ ಕೇಳುತ್ತಿತ್ತು. “ದಿನಾ ಹಿಂಗೇ. ಹನ್ನೊಂದರ ತನಕ ಇದು ಏಳೋದೇ ಇಲ್ಲ ನೋಡಿ” ಎಂದರು. ರಿಪೇರಿಗೆ ಬಂದಿದ್ದ ಹುಡುಗ “ಆಂಟಿವೈರಸ್ ತೆಗೆಸಿಬಿಡಿ ಅಕ್ಕಾ, ಎಲ್ಲ ಸರಿಹೋಗುತ್ತೆ” ಎಂದು ಹೇಳಿ ಹೋಗಿದ್ದನಂತೆ.

ಆ ಸಲಹೆಯನ್ನು ನಾನು ಒಪ್ಪುವುದಿಲ್ಲ. ಯಾರ್ಯಾರದೋ ಪೆನ್‌ಡ್ರೈವ್ ಬಂದು ಹೋಗುವ, ಊರಿನ ಅರ್ಧ ಜನರ ಆಧಾರ್ ಪ್ರತಿ ಇರುವ ಕಂಪ್ಯೂಟರ್ ಅದು. ಅಲ್ಲಿಂದ ಆಂಟಿವೈರಸ್ ತೆಗೆದರೆ ವೇಗ ಬರಬಹುದು, ಅದರ ಬೆಲೆಯನ್ನು ಮಾತ್ರ ಬೇರೆಯವರು ತೆರಬೇಕಾಗುತ್ತದೆ. ಆಂಟಿವೈರಸ್ ಯಾವ ಹೊತ್ತಿನಲ್ಲಿ, ಯಾವ ಫೈಲಿಗಾಗಿ ದುಡಿಯುತ್ತಿದೆ ಎಂದು ಕಂಡುಹಿಡಿದರೆ ಹತ್ತರಲ್ಲಿ ಎಂಟು ಸಲ ಅಲ್ಲೇ ಪರಿಹಾರ ಸಿಗುತ್ತದೆ ಎಂಬುದು ನನ್ನ ಅನುಭವ. ವಿಂಡೋಸ್ 10 ಮತ್ತು 11ರ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರನ್ನು ಇಟ್ಟುಕೊಂಡು ಹೇಳುತ್ತೇನೆ. ನೀವು ಕ್ವಿಕ್ ಹೀಲ್, ಕೆ7ನಂಥ ಬೇರೆ ಆಂಟಿವೈರಸ್ ಬಳಸುತ್ತಿದ್ದರೆ ಬಟನ್ನುಗಳ ಹೆಸರು ಬೇರೆ ಇರುತ್ತದೆ, ದಾರಿ ಇದೇ.

ಮೊದಲು, ತಪ್ಪು ಯಾರದೆಂದು ಖಚಿತ ಮಾಡಿಕೊಳ್ಳಿ

ಕೀಬೋರ್ಡಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಪ್ರೊಸೆಸಸ್ ಪಟ್ಟಿಯ ಮೇಲ್ಗಡೆ ಸಿಪಿಯು, ಅಂದರೆ ಪ್ರೊಸೆಸರ್, ಎಂಬ ಶೀರ್ಷಿಕೆ ಇದೆ. ಅದರ ಮೇಲೆ ಒಮ್ಮೆ ಒತ್ತಿದರೆ ಹೆಚ್ಚು ದುಡಿಸುತ್ತಿರುವ ಪ್ರೋಗ್ರಾಂ ಮೇಲಕ್ಕೆ ಬರುತ್ತದೆ. ‘ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್’ ಎಂಬ ಉದ್ದನೆಯ ಹೆಸರು ಮೇಲಿದ್ದರೆ ಅದೇ ಡಿಫೆಂಡರ್.

ಅಂಕಿ ನೋಡಿ ಕೂಡಲೇ ಗಾಬರಿ ಬೇಡ. ನಾಲ್ಕು ಕೋರ್‌ಗಳ, ಅಂದರೆ ಲೆಕ್ಕ ಮಾಡುವ ನಾಲ್ಕು ಘಟಕಗಳ, ಪ್ರೊಸೆಸರಿನಲ್ಲಿ ಒಂದು ಕೋರ್ ಪೂರ್ತಿ ದುಡಿದರೆ 25% ಎಂದು ಕಾಣುತ್ತದೆ. ಹೊಸದಾಗಿ ಅಪ್‌ಡೇಟ್ ಆದ ಮೇಲೆ, ದೊಡ್ಡ ಫೋಲ್ಡರ್ ನಕಲು ಮಾಡುವಾಗ, ಪೆನ್‌ಡ್ರೈವಿನಿಂದ ನೂರಾರು ಫೋಟೊ ಇಳಿಸುವಾಗ ಅಂಕಿ ಏರುವುದು ಸಹಜ. ಆಂಟಿವೈರಸ್ಸಿನ ನಿತ್ಯದ ಕಾವಲು, ಅಂದರೆ ರಿಯಲ್-ಟೈಮ್ ಪ್ರೊಟೆಕ್ಷನ್, ಪ್ರತಿ ಫೈಲನ್ನೂ ತೆರೆಯುವಾಗ ಮತ್ತು ಬರೆಯುವಾಗ ಒಮ್ಮೆ ನೋಡಿಯೇ ಬಿಡುತ್ತದೆ. ಇಪ್ಪತ್ತು ನಿಮಿಷ ಕಾಯಿರಿ. ಕಾದ ಮೇಲೂ ಇಳಿಯದಿದ್ದರೆ ಅಥವಾ ದಿನವೂ ಅದೇ ಹೊತ್ತಿಗೆ ಏರುತ್ತಿದ್ದರೆ ಮುಂದಕ್ಕೆ ಹೋಗೋಣ.

ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು ಪಕ್ಕದ ಡಿಸ್ಕ್ ಅಂಕಣವನ್ನೂ ನೋಡಿ. ಸಿಪಿಯು ಕಡಿಮೆಯಿದ್ದು ಡಿಸ್ಕ್ ಮಾತ್ರ 100% ಇದ್ದರೆ ಕಾಯಿಲೆಯೇ ಬೇರೆ. ಅದನ್ನು ಕೊನೆಯಲ್ಲಿ ಹೇಳಿದ್ದೇನೆ.

ಅಸಲಿಯೇ, ವೇಷವೇ?

ಕೆಲವು ವೈರಸ್‌ಗಳು ಆಂಟಿವೈರಸ್ಸಿನ ಹೆಸರನ್ನೇ ಇಟ್ಟುಕೊಂಡು ಬರುತ್ತವೆ. ನಿಮ್ಮ ಪ್ರೊಸೆಸರನ್ನು ಬಳಸಿ ಇನ್ನಾರಿಗೋ ಕ್ರಿಪ್ಟೊ ನಾಣ್ಯ ಗಳಿಸಿಕೊಡುವ ಪ್ರೋಗ್ರಾಂಗಳಿಗೆ ಇದು ಒಳ್ಳೆಯ ಮರೆ. ಟಾಸ್ಕ್ ಮ್ಯಾನೇಜರಿನಲ್ಲಿ ಆ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಓಪನ್ ಫೈಲ್ ಲೊಕೇಶನ್’ ಆರಿಸಿ. ಅಸಲಿ ಡಿಫೆಂಡರ್ ಇರುವುದು ಸಿ ಡ್ರೈವಿನ ಪ್ರೋಗ್ರಾಂಡೇಟಾ ಫೋಲ್ಡರಿನೊಳಗೆ, ಮೈಕ್ರೋಸಾಫ್ಟ್, ವಿಂಡೋಸ್ ಡಿಫೆಂಡರ್, ಪ್ಲಾಟ್‌ಫಾರ್ಮ್ ಎಂಬ ಸಾಲಿನಲ್ಲಿ. ಡೌನ್‌ಲೋಡ್ಸ್, ಟೆಂಪ್ ಇಂಥ ಕಡೆ ಸಿಕ್ಕಿದರೆ ಅದು ವೇಷಧಾರಿ. ಆಗ ತೆರೆದ ಕೆಲಸವನ್ನೆಲ್ಲ ಸೇವ್ ಮಾಡಿ, ವಿಂಡೋಸ್ ಸೆಕ್ಯೂರಿಟಿಯ ‘ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್’ನಲ್ಲಿ ಸ್ಕ್ಯಾನ್ ಆಪ್ಷನ್ಸ್ ತೆರೆದು ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮುನ್ನವೇ ಹುಡುಕಾಟ ನಡೆಯುತ್ತದೆ. ಸುಮಾರು ಹದಿನೈದು ನಿಮಿಷ ಬೇಕು.

ಅದು ಯಾವ ಫೈಲ್ ಓದುತ್ತಿದೆ?

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು, ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದೂ ಇದೇ. ಸ್ಟಾರ್ಟ್ ಒತ್ತಿ ‘ರಿಸೋರ್ಸ್ ಮಾನಿಟರ್’ ಎಂದು ಬರೆದು ತೆರೆಯಿರಿ. ಡಿಸ್ಕ್ ಟ್ಯಾಬಿಗೆ ಹೋಗಿ. ಮೇಲಿನ ಪಟ್ಟಿಯಲ್ಲಿ ಡಿಫೆಂಡರಿನ ಹೆಸರು ಎಂಎಸ್‌ಎಂಪಿಎಂಗ್ ಎಂದಿರುತ್ತದೆ. ಅದರ ಪಕ್ಕದ ಚೌಕಕ್ಕೆ ಟಿಕ್ ಹಾಕಿ. ಕೆಳಗಿನ ಪಟ್ಟಿಯಲ್ಲಿ ಆ ಗಳಿಗೆ ಅದು ಓದುತ್ತಿರುವ ಫೈಲುಗಳ ಹೆಸರು, ಪೂರ್ತಿ ವಿಳಾಸದೊಂದಿಗೆ, ಒಂದರ ಮೇಲೊಂದು ಬರತೊಡಗುತ್ತವೆ.

ಎರಡು ನಿಮಿಷ ಸುಮ್ಮನೆ ನೋಡುತ್ತಾ ಕೂರಿ. ಹೆಸರುಗಳು ಸರಸರನೆ ಬದಲಾಗುತ್ತಿದ್ದರೆ ಅದು ಇಡೀ ಡಿಸ್ಕನ್ನು ಶೋಧಿಸುತ್ತಿದೆ, ಅಂದರೆ ನಿಗದಿಯಾದ ಸ್ಕ್ಯಾನ್ ನಡೆದಿದೆ. ಒಂದೇ ಫೋಲ್ಡರಿನ ಹೆಸರು ಮತ್ತೆ ಮತ್ತೆ ಬರುತ್ತಿದ್ದರೆ, ಬೇರೆ ಯಾವುದೋ ಪ್ರೋಗ್ರಾಂ ಆ ಫೋಲ್ಡರಿನಲ್ಲಿ ಬಿಡುವಿಲ್ಲದೆ ಬರೆಯುತ್ತಿದೆ, ಆಂಟಿವೈರಸ್ ಅದರ ಬೆನ್ನು ಹತ್ತಿದೆ.

ಅಕ್ಕನ ಕಂಪ್ಯೂಟರಿನಲ್ಲಿ ಎರಡೂ ಇತ್ತು. ಡೆಸ್ಕ್‌ಟಾಪಿನಲ್ಲಿ ‘ಹಳೇದು’, ‘ಹಳೇದು 2’, ‘ಪೂರ್ತಿ ಹಳೇದು’ ಎಂದು ಹೆಸರಿಟ್ಟ ಮೂರು ಜಿಪ್ ಫೈಲುಗಳು. ಹಳೆಯ ಕಂಪ್ಯೂಟರ್ ಕೆಟ್ಟಾಗ ಯಾರೋ ಕಟ್ಟಿಕೊಟ್ಟ ಬ್ಯಾಕಪ್. ಬಿಚ್ಚಿ ನೋಡಿದರೆ ಒಂದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಇಡೀ ಡಿಸ್ಕಿನ ಸ್ಕ್ಯಾನ್ ನಡೆಯುವಾಗ ಜಿಪ್ಪಿನ ಒಳಗನ್ನೂ ಬಿಚ್ಚಿ ನೋಡಬೇಕಾಗುತ್ತದೆ, ಪ್ರೊಸೆಸರಿಗೆ ಅದೇ ಭಾರವಾದ ಕೆಲಸ. ಮೂರನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ಸಾಗಿಸಿ ಕಪಾಟಿನಲ್ಲಿಟ್ಟೆವು. ಅವುಗಳಲ್ಲಿ ಅವರ ಮಗಳ ನಾಮಕರಣದ ಫೋಟೊಗಳೂ ಇದ್ದವು. ಅಳಿಸಿ ಎಂದು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.

ಹೊತ್ತು ಬದಲಿಸಿ

ಬೆಳಗ್ಗೆಯೇ ಯಾಕೆ? ವಿಂಡೋಸ್ ತನ್ನ ಮನೆಗೆಲಸವನ್ನೆಲ್ಲ ರಾತ್ರಿ 2 ಗಂಟೆಗೆ ಇಟ್ಟುಕೊಂಡಿರುತ್ತದೆ. ಆಟೊಮ್ಯಾಟಿಕ್ ಮೇಂಟೆನನ್ಸ್ ಎಂದು ಅದರ ಹೆಸರು, ಡಿಫೆಂಡರಿನ ನಿಗದಿತ ಸ್ಕ್ಯಾನ್ ಕೂಡ ಅದರಲ್ಲೇ ಸೇರಿದೆ. ರಾತ್ರಿಯಿಡೀ ಕಂಪ್ಯೂಟರ್ ಚಾಲೂ ಇರುವ ಕಡೆಗೆ ಇದು ಸರಿ. ನಾವು ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ಚೇ ಆರಿಸಿ ಬರುವವರು, ಮನೆಯಲ್ಲಿ ಮಲಗುವ ಮುನ್ನ ಪ್ಲಗ್ ಕೀಳುವವರು. ಆ 2 ಗಂಟೆ ನಮ್ಮ ಕಂಪ್ಯೂಟರಿಗೆ ಬರುವುದೇ ಇಲ್ಲ. ಬಾಕಿ ಬಿದ್ದ ಕೆಲಸ ಮರುದಿನ ಸ್ವಿಚ್ ಹಾಕಿದ ಮೇಲೆ, ಅರ್ಜಿದಾರರು ಸಾಲು ನಿಂತ ಹೊತ್ತಿಗೆ, ಸಿಕ್ಕ ಬಿಡುವಿನಲ್ಲಿ ಶುರುವಾಗುತ್ತದೆ.

ಪ್ಲಗ್ ಕೀಳುವುದನ್ನು ಬಿಡಿ ಎಂದು ಹೇಳಲಾರೆ, ಮಳೆಗಾಲದ ಸಿಡಿಲಿಗೆ ಅದು ಬೇಕೇ ಬೇಕು. ಸಮಯ ಬದಲಿಸುವುದು ಸುಲಭ. ಕಂಟ್ರೋಲ್ ಪ್ಯಾನೆಲಿನಲ್ಲಿ ಸೆಕ್ಯೂರಿಟಿ ಆ್ಯಂಡ್ ಮೇಂಟೆನನ್ಸ್ ತೆರೆಯಿರಿ. ಮೇಂಟೆನನ್ಸ್ ವಿಭಾಗವನ್ನು ಬಿಡಿಸಿ ‘ಚೇಂಜ್ ಮೇಂಟೆನನ್ಸ್ ಸೆಟ್ಟಿಂಗ್ಸ್’ ಒತ್ತಿದರೆ ಗಂಟೆಗಳ ಪಟ್ಟಿ ಬರುತ್ತದೆ. ಕಂಪ್ಯೂಟರ್ ಚಾಲೂ ಇದ್ದು ನೀವು ಅದನ್ನು ಮುಟ್ಟದ ಹೊತ್ತನ್ನು ಆರಿಸಿ. ಅಂಗಡಿಗೆ ಮಧ್ಯಾಹ್ನ 2 ಗಂಟೆಯ ಊಟದ ಹೊತ್ತು, ಮನೆಗೆ ಸಂಜೆ ಅಡುಗೆಯ ಹೊತ್ತು ಸರಿಹೋಗುತ್ತದೆ. ಆ ಹೊತ್ತಿನಲ್ಲಿ ಕಂಪ್ಯೂಟರ್ ಚಾಲೂ ಇಟ್ಟು ಎದ್ದುಹೋಗುವುದು ನಿಮ್ಮ ಕೆಲಸ.

ಸ್ಕ್ಯಾನಿಗೆ ವಾರದ ಇಂಥದೇ ದಿನ ಗೊತ್ತುಮಾಡಬೇಕೆಂದರೆ ಟಾಸ್ಕ್ ಶೆಡ್ಯೂಲರ್ ತೆರೆದು ಮೈಕ್ರೋಸಾಫ್ಟ್, ವಿಂಡೋಸ್, ವಿಂಡೋಸ್ ಡಿಫೆಂಡರ್ ಎಂದು ಇಳಿದುಹೋಗಿ. ‘ವಿಂಡೋಸ್ ಡಿಫೆಂಡರ್ ಶೆಡ್ಯೂಲ್ಡ್ ಸ್ಕ್ಯಾನ್’ನ ಪ್ರಾಪರ್ಟೀಸ್‌ನಲ್ಲಿ ಟ್ರಿಗರ್ಸ್ ಟ್ಯಾಬಿನಲ್ಲಿ ಹೊಸ ದಿನ, ಗಂಟೆ ಸೇರಿಸಬಹುದು. ಕಂಡಿಷನ್ಸ್ ಟ್ಯಾಬಿನಲ್ಲಿ ಕಂಪ್ಯೂಟರ್ ಖಾಲಿ ಕೂತಾಗ ಮಾತ್ರ, ಲ್ಯಾಪ್‌ಟಾಪ್ ಆದರೆ ಚಾರ್ಜಿಗೆ ಹಾಕಿದಾಗ ಮಾತ್ರ ನಡೆಯಲಿ ಎಂದು ಟಿಕ್ ಹಾಕಿ.

ಒಂದೇ ಮನೆಗೆ ಇಬ್ಬರು ಕಾವಲುಗಾರರೇ?

ಹೊಸ ಲ್ಯಾಪ್‌ಟಾಪಿನ ಜೊತೆ ಒಂದು ತಿಂಗಳ ಟ್ರಯಲ್ ಆಂಟಿವೈರಸ್ ಬಂದಿರುತ್ತದೆ. ಅವಧಿ ಮುಗಿದರೂ ಯಾರೂ ತೆಗೆದಿರುವುದಿಲ್ಲ. ಅದರ ಮೇಲೆ ಅಂಗಡಿಯವರು ಇನ್ನೊಂದನ್ನು ಹಾಕಿಕೊಟ್ಟಿರುತ್ತಾರೆ. ಬೇರೆ ಆಂಟಿವೈರಸ್ ಸರಿಯಾಗಿ ನೆಲೆಗೊಂಡರೆ ಡಿಫೆಂಡರ್ ತಾನೇ ಹಿಂದೆ ಸರಿಯುತ್ತದೆ. ಹೊರಗಿನವು ಎರಡಾದರೆ ಮಾತ್ರ ಕಷ್ಟ. ಒಂದು ತೆರೆದ ಫೈಲನ್ನು ಇನ್ನೊಂದು ತಡೆದು ಪರೀಕ್ಷಿಸುತ್ತದೆ, ಹೀಗೆ ಕೆಲಸ ದುಪ್ಪಟ್ಟಾಗುತ್ತದೆ.

ವಿಂಡೋಸ್ ಸೆಕ್ಯೂರಿಟಿಯ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾನೇಜ್ ಪ್ರೊವೈಡರ್ಸ್’ ಒತ್ತಿದರೆ ಯಾವ್ಯಾವುದು ಇದೆಯೆಂದು ತಿಳಿಯುತ್ತದೆ. ಒಂದನ್ನು ಉಳಿಸಿ, ಮಿಕ್ಕದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಡಿ. ಪೂರ್ತಿ ಹೋಗದಿದ್ದರೆ ಆಯಾ ಕಂಪನಿಯ ಅಧಿಕೃತ ತಾಣದಲ್ಲೇ ಅದನ್ನು ಬೇರುಸಹಿತ ತೆಗೆಯುವ ಸಣ್ಣ ಟೂಲ್ ಸಾಮಾನ್ಯವಾಗಿ ಸಿಗುತ್ತದೆ.

ಮಿತಿ ಹಾಕುವುದು, ವಿನಾಯಿತಿ ಕೊಡುವುದು

ವಿಂಡೋಸ್ ಪ್ರೊ ಇದ್ದವರಿಗೆ ಗ್ರೂಪ್ ಪಾಲಿಸಿ ಎಡಿಟರ್ ಇದೆ. ಅದರ ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್, ಮೈಕ್ರೋಸಾಫ್ಟ್ ಡಿಫೆಂಡರ್ ಆಂಟಿವೈರಸ್, ಸ್ಕ್ಯಾನ್ ಎಂಬ ಸಾಲಿನಲ್ಲಿ, ಸ್ಕ್ಯಾನ್ ವೇಳೆ ಸಿಪಿಯು ಗರಿಷ್ಠ ಎಷ್ಟು ಬಳಸಬಹುದು ಎಂದು ಗೊತ್ತುಮಾಡುವ ಜಾಗವಿದೆ. ಏನೂ ಮುಟ್ಟದಿದ್ದರೆ ಅದು 50%. ಅದನ್ನು 20 ಅಥವಾ 30ಕ್ಕೆ ಇಳಿಸಬಹುದು. ಇದು ಸರಾಸರಿ ಲೆಕ್ಕ, ನಡುನಡುವೆ ಮೀರುತ್ತದೆ. ಸ್ಕ್ಯಾನ್ ಮುಗಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ನಿತ್ಯದ ಕಾವಲಿಗೆ ಈ ಮಿತಿ ಅನ್ವಯಿಸುವುದಿಲ್ಲ. ಹೋಮ್ ಆವೃತ್ತಿಯವರಿಗೆ ಈ ಎಡಿಟರ್ ಇಲ್ಲ, ಅವರಿಗೆ ಹೊತ್ತು ಬದಲಿಸುವುದು ಸುಲಭದ ಮದ್ದು.

ವಿನಾಯಿತಿ ಅಂದರೆ ಎಕ್ಸ್‌ಕ್ಲೂಷನ್ಸ್. ಈ ಫೋಲ್ಡರನ್ನು ನೋಡಬೇಡ ಎಂದು ಆಂಟಿವೈರಸ್ಸಿಗೆ ಹೇಳುವುದು. ವಿಡಿಯೊ ಎಡಿಟಿಂಗ್ ಮಾಡುವವರ ಪ್ರಾಜೆಕ್ಟ್ ಫೋಲ್ಡರ್, ಸಾಫ್ಟ್‌ವೇರ್ ಬರೆಯುವವರ ಸಾವಿರಾರು ಸಣ್ಣ ಫೈಲುಗಳ ಫೋಲ್ಡರ್ ಇವಕ್ಕೆ ಕೊಟ್ಟರೆ ವೇಗ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ರಿಸೋರ್ಸ್ ಮಾನಿಟರಿನಲ್ಲಿ ಪದೇ ಪದೇ ಕಂಡ ಫೋಲ್ಡರ್ ನಿಮ್ಮದೇ ಕೆಲಸದ್ದಾಗಿದ್ದರೆ, ಅದರೊಳಗೆ ಹೊರಗಿನ ಫೈಲ್ ಬರುವುದಿಲ್ಲವೆಂದು ಖಾತ್ರಿಯಿದ್ದರೆ ಮಾತ್ರ ಕೊಡಿ. ಡೌನ್‌ಲೋಡ್ಸ್ ಫೋಲ್ಡರಿಗೆ, ಪೆನ್‌ಡ್ರೈವಿಗೆ, ಇಡೀ ಸಿ ಡ್ರೈವಿಗೆ ಎಂದೂ ಕೊಡಬೇಡಿ. ಈಗಾಗಲೇ ಆ ಪಟ್ಟಿಯಲ್ಲಿ ನಿಮಗೆ ಗೊತ್ತಿಲ್ಲದ ಹೆಸರಿದ್ದರೆ ತೆಗೆದುಹಾಕಿ. ಒಳನುಗ್ಗಿದ ವೈರಸ್ ತನ್ನ ಜಾಗವನ್ನು ತಾನೇ ಅಲ್ಲಿ ಸೇರಿಸಿಕೊಳ್ಳುವುದುಂಟು.

ತಪ್ಪು ಆಂಟಿವೈರಸ್ಸಿನದ್ದೇ ಆಗಿದ್ದರೆ

ಹಾಗೂ ಆಗುತ್ತದೆ. ಫೈರ್‌ಫಾಕ್ಸ್ ಬ್ರೌಸರ್ ತೆರೆದರೆ ಡಿಫೆಂಡರ್ ವಿಪರೀತ ಪ್ರೊಸೆಸರ್ ಬಳಸುತ್ತದೆ ಎಂಬ ದೂರು 2018ರಿಂದಲೇ ಇತ್ತು. ಜನ ಬ್ರೌಸರನ್ನೇ ಬೈದರು. ಬ್ರೌಸರ್ ಮಾಡುವ ಒಂದು ಬಗೆಯ ಕರೆಯನ್ನು ಡಿಫೆಂಡರ್ ಪ್ರತಿ ಸಲವೂ ಅಗತ್ಯಕ್ಕಿಂತ ಹೆಚ್ಚು ಶ್ರಮಪಟ್ಟು ಪರಿಶೀಲಿಸುತ್ತಿತ್ತು ಎಂಬುದು ಆಮೇಲೆ ಗೊತ್ತಾಯಿತು. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಎಂಜಿನಿಯರುಗಳು ಬೆನ್ನು ಬಿಡದೆ ಹುಡುಕಿ ತೋರಿಸಿದ ಮೇಲೆ, 2023ರಲ್ಲಿ ಮೈಕ್ರೋಸಾಫ್ಟ್ ಅದನ್ನು ಸರಿಪಡಿಸಿತು. ಫೈರ್‌ಫಾಕ್ಸ್ ಬಳಸುವಾಗ ಡಿಫೆಂಡರಿನ ಭಾರ ಸುಮಾರು 75% ಇಳಿಯಿತು ಎಂದು ಮೊಜಿಲ್ಲಾದವರು ಬರೆದುಕೊಂಡರು. ಆ ಪರಿಹಾರ ಜನರ ಕಂಪ್ಯೂಟರಿಗೆ ತಲುಪಿದ್ದು ಅಪ್‌ಡೇಟ್ ಮೂಲಕವೇ. ನಿಧಾನವಾಯಿತೆಂದು ಅಪ್‌ಡೇಟ್ ನಿಲ್ಲಿಸಿಟ್ಟವರಿಗೆ ಅದು ತಲುಪುವ ದಾರಿಯೇ ಇರಲಿಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರಿನ ವೈರಸ್ ಪಟ್ಟಿ 2028ರ ಅಕ್ಟೋಬರ್ ತನಕ ಬರುತ್ತದೆ. ಹೊಸ ವೈರಸ್ಸಿನ ಗುರುತು ಸಿಗುತ್ತದೆ, ವಿಂಡೋಸಿನಲ್ಲೇ ಇರುವ ತೂತುಗಳು ಮಾತ್ರ ಮಾಮೂಲಿನಂತೆ ಮುಚ್ಚುವುದಿಲ್ಲ.

ಡಿಸ್ಕ್ 100% ಇದ್ದರೆ

ನಿಮಿಷಕ್ಕೆ 5,400 ಸುತ್ತು ತಿರುಗುವ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಆಂಟಿವೈರಸ್ ಮತ್ತು ನೀವು ಒಟ್ಟಿಗೆ ಫೈಲ್ ಕೇಳಿದರೆ ಅದರ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡಿಯೇ ಸುಸ್ತಾಗುತ್ತದೆ. ಸೆಟ್ಟಿಂಗ್ ಎಷ್ಟು ತಿದ್ದಿದರೂ ಅಷ್ಟಕ್ಕಷ್ಟೆ. ಅದರ ಬದಲು ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿ. ಹಳೆಯ ಕಂಪ್ಯೂಟರಿಗೆ ಮಾಡುವ ಖರ್ಚಿನಲ್ಲಿ ಇದರಷ್ಟು ಫಲ ಕೊಡುವುದು ಬೇರೊಂದಿಲ್ಲ. 4 ಜಿಬಿ ರ್‍ಯಾಮ್ ಇದ್ದರೆ ಅದನ್ನು 8 ಮಾಡಿಸಿ. ಫ್ಯಾನಿನ ದೂಳನ್ನೂ ಊದಿಸಿ, ಬಿಸಿಯೇರಿದ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ.

ಇನ್ನೊಂದು ಮಾತು. ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಈ ನಂಬರಿಗೆ ಕರೆ ಮಾಡಿ’ ಎಂದು ತೆರೆಯ ತುಂಬ ಬಂದರೆ ಕರೆ ಮಾಡಬೇಡಿ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಕೊಡುವುದಿಲ್ಲ. ಈಗಾಗಲೇ ಹಣ ಕಳಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ.