ಡಿಶ್ ಇಲ್ಲದೆ ಆಕಾಶಗಂಗೆಯ ವೇಗ ಅಳೆದೆ: ಫಾಯಿಲ್ ಹಾರ್ನ್ ಜೊತೆ ನನ್ನ ಅನುಭವ

ಹೈಡ್ರೋಜನ್ ಗೆರೆ (ಆಕಾಶಗಂಗೆಯ ಹೈಡ್ರೋಜನ್ ಅನಿಲ 1420.4 ಮೆಗಾಹರ್ಟ್ಜ್‌ನಲ್ಲಿ ಸೂಸುವ ರೇಡಿಯೋ ಸಿಗ್ನಲ್) ಹಿಡಿಯಬೇಕು ಅಂದರೆ ಕನಿಷ್ಠ ಎರಡು ಮೂರು ಮೀಟರ್ ಡಿಶ್ ಬೇಕು. ಟಿವಿ ಡಾಂಗಲ್ (ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ ಪುಟ್ಟ ರಿಸೀವರ್) ಸಿಗ್ನಲ್ ಅಳೆಯುವ 8 ಬಿಟ್ ನಿಖರತೆ ಏನಕ್ಕೂ ಸಾಲದು. ಫಾಯಿಲ್ ಅಂಟಿಸಿದ ಪೆಟ್ಟಿಗೆ ಬರೀ ಆಟಿಕೆ. ಈ ಮೂರು ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಈಗ ಮೂರಕ್ಕೂ ನನ್ನ ಹತ್ತಿರ ಅಳತೆ ಸಮೇತ ಉತ್ತರ ಇದೆ. ಥರ್ಮೋಕೋಲ್ ಹಲಗೆ, ಅಲ್ಯೂಮಿನಿಯಂ ಫಾಯಿಲ್, ಒಂದು ಡಬ್ಬ, ಒಂದು ಡಾಂಗಲ್, ಒಂದು ಆಂಪ್ಲಿಫೈಯರ್. ಇಷ್ಟರಲ್ಲೇ ಆಕಾಶಗಂಗೆ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ಅಳೆದಿದ್ದೇನೆ. ಆಗ ತಲೆ ಅಲ್ಲಾಡಿಸಿದವರಲ್ಲಿ ಇಬ್ಬರು ಈಗ ಇದೇ ಅಳತೆಯ ಹಾರ್ನ್ (ಬಾಯಿ ಅಗಲಿಸಿದ ಪೆಟ್ಟಿಗೆಯಂಥ ಆಂಟೆನಾ) ಕಟ್ಟುತ್ತಿದ್ದಾರೆ.

1420.4 ಮೆಗಾಹರ್ಟ್ಜ್ ಎಲ್ಲಿಂದ ಬಂತು, ಡಾಪ್ಲರ್ (ಮೂಲ ಹತ್ತಿರ ಬಂದರೆ ಫ್ರೀಕ್ವೆನ್ಸಿ ಏರುವುದು, ದೂರ ಹೋದರೆ ಇಳಿಯುವುದು) ಹೇಗೆ ಅನ್ನೋದನ್ನೆಲ್ಲ ಇಲ್ಲಿ ವಿವರವಾಗಿ ಬರೆಯುವುದಿಲ್ಲ. ಇದನ್ನು ಓದುವವರಿಗೆ ಅದು ಗೊತ್ತಿರುತ್ತದೆ. ಆದರೆ ಎಲ್ಲರೂ ಓದಿ ಮರೆಯುವ ಒಂದು ಸಂಗತಿ ಇದೆ. ನನ್ನ ಇಡೀ ಕೆಲಸ ನಿಂತಿರುವುದೇ ಅದರ ಮೇಲೆ. ನೋಡುತ್ತಿರುವ ವಸ್ತು ಆಂಟೆನಾದ ಬೀಮ್‌ಗಿಂತ (ಅದಕ್ಕೆ ಒಮ್ಮೆಗೆ ಕಾಣುವ ಆಕಾಶದ ತುಂಡು) ದೊಡ್ಡದಿದ್ದರೆ, ಆಂಟೆನಾ ಎಷ್ಟು ದೊಡ್ಡದು ಅನ್ನೋದು ಸಿಗ್ನಲ್‌ಗೆ ಲೆಕ್ಕಕ್ಕೇ ಇಲ್ಲ. ಡಿಶ್ ದೊಡ್ಡದಾದಂತೆ ಬೀಮ್ ಸಣ್ಣದಾಗುತ್ತದೆ. ಒಂದು ಕೈಯಲ್ಲಿ ಗಳಿಸಿದ್ದು ಇನ್ನೊಂದು ಕೈಯಲ್ಲಿ ಹೋಗುತ್ತದೆ. ಆಕಾಶಗಂಗೆಯ ಹೈಡ್ರೋಜನ್ ಆಕಾಶದ ಈ ತುದಿಯಿಂದ ಆ ತುದಿವರೆಗೆ ಹರಡಿಕೊಂಡಿದೆ. ರೇಡಿಯೋದಲ್ಲಿ ಸಿಗ್ನಲ್, ಗದ್ದಲ ಎರಡನ್ನೂ ಉಷ್ಣಾಂಶದ ಹಾಗೆ ಕೆಲ್ವಿನ್‌ನಲ್ಲಿ ಹೇಳುತ್ತಾರೆ. ಅಲ್ಲಿ 50 ಕೆಲ್ವಿನ್ ಇದ್ದರೆ ನನ್ನ ಹಾರ್ನ್‌ಗೂ 50, ದೊಡ್ಡ ಡಿಶ್‌ಗೂ ಹೆಚ್ಚುಕಮ್ಮಿ 50. ಅದು ಕಾಣುತ್ತದೋ ಇಲ್ಲವೋ ಅನ್ನೋದು ರಿಸೀವರ್‌ನ ಸ್ವಂತ ಗದ್ದಲ ಎಷ್ಟು ಅನ್ನೋದರ ಮೇಲೆ ನಿಂತಿದೆ.

ಇದು ತಲೆಗೆ ಹೋಗುವ ಮುಂಚೆ ನಾನೂ ಎಲ್ಲರ ಮಾತು ಕೇಳಿ ಡಿಶ್‌ಗೆ ದುಡ್ಡು ಸುರಿದಿದ್ದೆ. 1.8 ಮೀಟರ್‌ನ ಹಳೇ ಜಾಲರಿ ಡಿಶ್, ಅದಕ್ಕೊಂದು ಸ್ಟ್ಯಾಂಡ್, ಸ್ಟ್ಯಾಂಡ್‌ಗೊಂದು ಮೋಟರ್. ಇವತ್ತಿನ ಪೂರ್ತಿ ಸೆಟ್‌ಗೆ ಆದ ಖರ್ಚಿಗಿಂತ ಅದೊಂದಕ್ಕೇ ಜಾಸ್ತಿ ಆಯಿತು. ಗಾಳಿ ಬಂದರೆ ಬೇರೆ ಕಡೆ ತಿರುಗಿ ಕೂರುತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು. ಅಸಲಿ ತೊಂದರೆ ಫೀಡ್‌ನದು, ಅಂದರೆ ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿಯುವ ಭಾಗದ್ದು. ಡಬ್ಬದ ಫೀಡ್ ಡಿಶ್‌ನ ಅಂಚು ದಾಟಿ ನೆಲವನ್ನೂ ನೋಡುತ್ತದೆ. ನೆಲ 300 ಕೆಲ್ವಿನ್. ನೆಲಕ್ಕೆ ಒಮ್ಮೆ, ಖಾಲಿ ಆಕಾಶಕ್ಕೆ ಒಮ್ಮೆ ತಿರುಗಿಸಿ ವೈ ಫ್ಯಾಕ್ಟರ್ (ಎರಡೂ ಕಡೆ ಬಂದ ಶಕ್ತಿಯ ಅನುಪಾತ) ನೋಡಿದರೆ ಮೂರೂವರೆ ಡಿಬಿ (ಡೆಸಿಬಲ್) ಹತ್ತಿರ. ಅಂದರೆ 220, 230 ಕೆಲ್ವಿನ್ ಗದ್ದಲ. ಆಮೇಲೆ ಅದೇ ಆಂಪ್ಲಿಫೈಯರ್, ಅದೇ ಡಾಂಗಲ್ ಹಾರ್ನ್‌ಗೆ ಹಾಕಿದಾಗ 5 ಡಿಬಿ ಬಂತು. ಲೆಕ್ಕ ಹಾಕಿದರೆ 130 ಕೆಲ್ವಿನ್ ಒಳಗೆ. ಹಾರ್ನ್‌ಗೆ ಬೆನ್ನ ಹಿಂದಿನ ನೆಲ ಕಾಣುವುದು ತೀರಾ ಕಡಿಮೆ. ಡಿಶ್ಶನ್ನು ಕೊಂಡ ಬೆಲೆಯ ಮೂರನೇ ಒಂದು ಭಾಗಕ್ಕೆ ಮಾರಿದೆ.

ಆಂಪ್ಲಿಫೈಯರ್ ವಿಷಯದಲ್ಲೂ ಹೀಗೇ. ಮೊದಲು ತಂದದ್ದು ಫಿಲ್ಟರ್ ಇಲ್ಲದ, ಎಲ್ಲ ಫ್ರೀಕ್ವೆನ್ಸಿಯನ್ನೂ ಎತ್ತಿಕೊಡುವ ಜಾತಿಯದು. ಕಾಗದದ ಮೇಲೆ ಬಹಳ ಒಳ್ಳೆಯದು. ಆದರೆ ಮೊಬೈಲ್ ಟವರ್‌ಗಳ 900, 1800 ಮೆಗಾಹರ್ಟ್ಜ್ ಅದರೊಳಗೆ ನುಗ್ಗಿ ಡಾಂಗಲ್‌ನ 8 ಬಿಟ್ಟನ್ನೂ ತಿಂದುಹಾಕುತ್ತಿದ್ದವು. "8 ಬಿಟ್ ಸಾಲದು" ಅನ್ನೋ ಮಾತು ಹುಟ್ಟಿದ್ದು ಇಂಥ ಅನುಭವದಿಂದಲೇ ಇರಬೇಕು. ಫಿಲ್ಟರ್ ಇದ್ದರೆ 8 ಬಿಟ್ ಧಾರಾಳ ಆಯಿತು. 1963ರಲ್ಲಿ ವೈನ್‌ರೆಬ್ ಮತ್ತವರ ಜೊತೆಯವರು ಬಾಹ್ಯಾಕಾಶದಲ್ಲಿ ಓಎಚ್ ಅಣುವನ್ನು ಹಿಡಿದದ್ದು ಒಂದೇ ಒಂದು ಬಿಟ್‌ನ ಯಂತ್ರದಲ್ಲಿ! ಗದ್ದಲವನ್ನೇ ಅಳೆಯುವಾಗ ಬಿಟ್ ಎಣಿಸಿಕೊಂಡು ಕೂರಬೇಕಿಲ್ಲ.

ಈಗ ಇರುವುದು 1420ಕ್ಕೆಂದೇ ಮಾಡಿದ, ಸಾ ಫಿಲ್ಟರ್ (ಬೇಕಾದ ಫ್ರೀಕ್ವೆನ್ಸಿಯನ್ನು ಮಾತ್ರ ಒಳಬಿಡುವ ಭಾಗ) ಒಳಗೇ ಇರುವ ಆಂಪ್ಲಿಫೈಯರ್. ನನ್ನ ಒಟ್ಟು ಖರ್ಚಿನಲ್ಲಿ ಅರ್ಧಕ್ಕೆ ಹತ್ತಿರ ಇದೇ ಆಯಿತು. ಕಾಲು ಭಾಗ ಡಾಂಗಲ್. ಹಾರ್ನ್‌ಗೆ ಆದದ್ದು ಹತ್ತರಲ್ಲಿ ಒಂದು ಪಾಲೂ ಅಲ್ಲ. ದುಡ್ಡು ಹಾಕುವುದಿದ್ದರೆ ಈ ಕ್ರಮದಲ್ಲೇ ಹಾಕಿ. ಡಾಂಗಲ್ ಟಿಸಿಎಕ್ಸ್‌ಓ (ಬಿಸಿ, ತಂಪಿಗೆ ಅಷ್ಟಾಗಿ ಸರಿಯದ ಫ್ರೀಕ್ವೆನ್ಸಿ ಗಡಿಯಾರ) ಇರುವುದೇ ಆಗಬೇಕು. ಅದಿಲ್ಲದ ಅಗ್ಗದ ಡಾಂಗಲ್ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಪಾಲು) ಸರಿದರೆ 70 ಕಿಲೋಹರ್ಟ್ಜ್ ತಪ್ಪುತ್ತದೆ. ವೇಗದ ಲೆಕ್ಕದಲ್ಲಿ ಅದು ಸೆಕೆಂಡಿಗೆ 15 ಕಿಲೋಮೀಟರ್. ಅಳೆಯುತ್ತಿರುವುದೇ ವೇಗವನ್ನು ಅಂದಮೇಲೆ ಇದನ್ನು ಬಿಡೋಕಾಗಲ್ಲ, ಅಲ್ವಾ?

ಆಂಪ್ಲಿಫೈಯರ್, ಹಾರ್ನ್‌ನ ಹಿಂದಿರುವ ಡಬ್ಬದ ಕನೆಕ್ಟರ್‌ಗೇ ನೇರ ಸಿಕ್ಕಿಕೊಂಡಿರಬೇಕು. ನಡುವೆ ಕೇಬಲ್ ಕೂಡದು. 3 ಮೀಟರ್ ಆರ್‌ಜಿ-58 ಕೇಬಲ್ ಹಾಕಿ ನೋಡಿದ್ದೇನೆ. 2 ಡಿಬಿ ಹೋಯಿತು. ಬರೀ 2 ಡಿಬಿ ತಾನೆ ಅನಿಸುತ್ತದೆ. ಆದರೆ ಆಂಪ್ಲಿಫೈಯರ್‌ಗಿಂತ ಮುಂಚೆ ಹೋದ 2 ಡಿಬಿ ಅಂದರೆ 170 ಕೆಲ್ವಿನ್ ಹೊಸ ಗದ್ದಲ. ನನ್ನ ಪೂರ್ತಿ ರಿಸೀವರ್‌ನದೇ ಅಷ್ಟಿಲ್ಲ.

ಹಾರ್ನ್ ಬಾಯಿ ಸುಮಾರು 75ಕ್ಕೆ 60 ಸೆಂಟಿಮೀಟರ್. ಬೀಮ್ 18, 19 ಡಿಗ್ರಿ ಬರುತ್ತದೆ. ಫಾಯಿಲ್ ತೆಳು ಆಯಿತು ಅನ್ನುವವರಿಗೆ ಒಂದು ಮಾತು: ಈ ಫ್ರೀಕ್ವೆನ್ಸಿಯಲ್ಲಿ ಕರೆಂಟ್ ಅಲ್ಯೂಮಿನಿಯಂನ ಮೇಲಿನ ಎರಡು ಮೈಕ್ರಾನ್ ಚಿಲ್ಲರೆಯಲ್ಲೇ ಹರಿಯುತ್ತದೆ. ಮಾಮೂಲಿ ಫಾಯಿಲ್ ಅದಕ್ಕಿಂತ ಎಷ್ಟೋ ದಪ್ಪ. ಕೈಕೊಡುವುದು ಮೂಲೆಗಳ ಜೋಡಣೆ. ಅಲ್ಲಿ ಫಾಯಿಲ್ ಮೇಲೆ ಫಾಯಿಲ್ ನಾಲ್ಕು ಬೆರಳಾದರೂ ಕೂತಿರಬೇಕು.

ಪ್ರೋಬ್ (ಡಬ್ಬದೊಳಗೆ ಸಿಗ್ನಲ್ ಹಿಡಿಯುವ ತಂತಿ) ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಜಾಸ್ತಿ ಜನ ಎಡವುವುದು ಇಲ್ಲೇ. ಪ್ರೋಬ್‌ನ ಉದ್ದ 21 ಸೆಂಟಿಮೀಟರ್ ತರಂಗದ ಕಾಲು ಭಾಗ, 5.3 ಸೆಂಟಿಮೀಟರ್. ಕತ್ತರಿಸುತ್ತಾ ಬಂದರೆ 5ರ ಹತ್ತಿರ ನಿಲ್ಲುತ್ತದೆ. ಅದು ಸರಿ. ಆದರೆ ಡಬ್ಬದ ಹಿಂಗೋಡೆಯಿಂದ ಪ್ರೋಬ್ ಎಷ್ಟು ದೂರ ಇರಬೇಕು ಅನ್ನುವಾಗಲೂ ಅದೇ 5.3 ಇಡುತ್ತಾರೆ. ಡಬ್ಬದ ಒಳಗೆ ತರಂಗ ಉದ್ದವಾಗುತ್ತದೆ. ನನ್ನ ಚೌಕ ಡಬ್ಬ 16 ಸೆಂಟಿಮೀಟರ್ ಅಗಲ. ಅದರೊಳಗೆ ತರಂಗ 21 ಅಲ್ಲ, 28. ಕಾಲು ಅಂದರೆ 7 ಸೆಂಟಿಮೀಟರ್. 15 ಸೆಂಟಿಮೀಟರ್ ವ್ಯಾಸದ ದುಂಡು ಡಬ್ಬ ಆದರೆ 9ನ್ನೂ ದಾಟುತ್ತದೆ. ಪ್ರೋಬ್ 5.3ರಲ್ಲಿದ್ದಾಗ ನ್ಯಾನೋ ವಿಎನ್‌ಎಯಲ್ಲಿ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ರಿಟರ್ನ್ ಲಾಸ್ 8 ಡಿಬಿ ತೋರಿಸುತ್ತಿತ್ತು. ಇದು ಹೆಚ್ಚಿದಷ್ಟೂ ವಾಪಸ್ ಚಿಮ್ಮುವ ಸಿಗ್ನಲ್ ಕಮ್ಮಿ. 7ಕ್ಕೆ ಸರಿಸಿದ ಮೇಲೆ 20ರ ಆಸುಪಾಸಿಗೆ ಬಂತು. ಆಮೇಲೆ ಡಬ್ಬ ಮತ್ತು ಹಾರ್ನ್ ಸೇರುವ ಕೊರಳಲ್ಲಿ ಒಂದು ಸಣ್ಣ ಕೆಲಸ ಮಾಡಿದ್ದೇನೆ. ಅದರಿಂದ ವಾಪಸ್ ಚಿಮ್ಮುವುದು ಇನ್ನೂ ಇಳಿಯಿತು. ಅದೇನು ಅಂತ ಈಗ ಹೇಳುವುದಿಲ್ಲ. ಎರಡನೇ ಹಾರ್ನ್‌ನಲ್ಲೂ ಅದು ಹಾಗೇ ಕೆಲಸ ಮಾಡುತ್ತದಾ ನೋಡಬೇಕು.

ಸ್ಪೆಕ್ಟ್ರಂನಲ್ಲಿ ಗೆರೆಗಿಂತ ಡಾಂಗಲ್‌ನ ಸ್ವಂತ ಉಬ್ಬುತಗ್ಗೇ ದೊಡ್ಡದಾಗಿ ಕಾಣುತ್ತದೆ. ಅದನ್ನು ಕಳೆಯಲು ಮೊದಲು ಆಂಟೆನಾ ಬದಲು 50 ಓಮ್ ಟರ್ಮಿನೇಟರ್ (ಒಂದು ರೆಸಿಸ್ಟರ್) ಹಾಕಿ ರೆಫರೆನ್ಸ್ ತೆಗೆಯುತ್ತಿದ್ದೆ. ಹಾರ್ನ್‌ನ ಮ್ಯಾಚಿಂಗ್ ಬೇರೆ, ಟರ್ಮಿನೇಟರ್‌ದು ಬೇರೆ. ಹಾಗಾಗಿ ಕಳೆದ ಮೇಲೂ ಅಲೆ ಉಳಿಯುತ್ತಿತ್ತು. ಈಗ ಫ್ರೀಕ್ವೆನ್ಸಿ ಸ್ವಿಚಿಂಗ್ ಮಾಡುತ್ತೇನೆ. ಹಾರ್ನ್ ಅಲ್ಲಾಡಿಸದೆ, ಒಂದಷ್ಟು ಸೆಕೆಂಡ್ ಗೆರೆಯ ಮೇಲೆ, ಮತ್ತಷ್ಟು ಸೆಕೆಂಡ್ 3 ಮೆಗಾಹರ್ಟ್ಜ್ ಆಚೆ. ಒಂದರಿಂದ ಇನ್ನೊಂದನ್ನು ಭಾಗಿಸಿದರೆ ಡಾಂಗಲ್‌ನ ಆಕಾರ ಹೋಗಿ ಗೆರೆ ಎದ್ದು ನಿಲ್ಲುತ್ತದೆ. ಇದು ನಾನು ಕಂಡುಹಿಡಿದದ್ದಲ್ಲ. 1951ರ ಮಾರ್ಚ್ 25ರಂದು ಹಾರ್ವರ್ಡ್‌ನಲ್ಲಿ ಈವೆನ್ ಮತ್ತು ಪರ್ಸೆಲ್ ಈ ಗೆರೆಯನ್ನು ಮೊದಲ ಸಲ ಹಿಡಿದದ್ದೂ ಫ್ರೀಕ್ವೆನ್ಸಿ ಸ್ವಿಚಿಂಗ್‌ನಿಂದಲೇ. ಅವರ ಆಂಟೆನಾ ಕೂಡ ಡಿಶ್ ಅಲ್ಲ. ಪ್ಲೈವುಡ್ ಹಾರ್ನ್, ಒಳಗೆ ತಾಮ್ರದ ಹಾಳೆ. ಅದನ್ನು ಕಿಟಕಿಯಿಂದ ಹೊರಗೆ ಚಾಚಿದ್ದರು. ಸಿಕ್ಕಿದ್ದ ಅನುದಾನ 500 ಡಾಲರ್. ಡಿಶ್ ಬೇಕೇ ಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದೇ ಈ ಕಥೆ.

5 ನಿಮಿಷ ಸರಾಸರಿ ಮಾಡಿದರೆ ನನಗೆ 0.4 ಕೆಲ್ವಿನ್‌ನಷ್ಟು ನಡುಕ ಉಳಿಯುತ್ತದೆ. ಲೆಕ್ಕದ ಪ್ರಕಾರ 0.2 ಇರಬೇಕು. ಇಮ್ಮಡಿ ಇದ್ದರೂ ಚಿಂತೆಯಿಲ್ಲ. ರಾಜಹಂಸ ನಕ್ಷತ್ರಪುಂಜದ ಕಡೆ ತಿರುಗಿಸಿದರೆ ಗೆರೆ 40, 50 ಕೆಲ್ವಿನ್ ಎತ್ತರಕ್ಕೆ, ಅಂದರೆ 1 ಡಿಬಿಗೂ ಮೇಲೆ ನಿಲ್ಲುತ್ತದೆ. ಸರಾಸರಿ ಶುರುವಾದ ಕೆಲವೇ ಸೆಕೆಂಡ್‌ಗಳಲ್ಲಿ ಪರದೆಯ ಮೇಲೆ ದಿಬ್ಬ ಏಳುವುದು ಬರಿಗಣ್ಣಿಗೇ ಕಾಣುತ್ತದೆ. ಆ ಖುಷಿ ಈಗಲೂ ಹಳೆಯದಾಗಿಲ್ಲ. 1400ರಿಂದ 1427 ಮೆಗಾಹರ್ಟ್ಜ್‌ವರೆಗೆ ರೇಡಿಯೋ ಖಗೋಳಕ್ಕೇ ಮೀಸಲು, ಅಲ್ಲಿ ಯಾರೂ ಪ್ರಸಾರ ಮಾಡುವಂತಿಲ್ಲ. ಆದರೂ ಎಲ್‌ಇಡಿ ಬಲ್ಬ್‌ನ ಅಡಾಪ್ಟರ್, ಲ್ಯಾಪ್‌ಟಾಪ್‌ನ ಯುಎಸ್‌ಬಿ ಸೋರುತ್ತವೆ. ಹಾರ್ನ್ ತಿರುಗಿಸಿದಾಗ ಜಾಗ ಬಿಟ್ಟು ಕದಲದ ಮುಳ್ಳು ಏನಿದ್ದರೂ ಅದು ಮನೆಯೊಳಗಿನದೇ.

ನನ್ನ ಮಾತು ನಂಬದವರಿಗಾಗಿ ಒಂದು ಪ್ರಯೋಗ ಮಾಡಿದೆ. ಬಾಯಿಯ ವಿಸ್ತೀರ್ಣ ಅರ್ಧ ಇರುವ ಇನ್ನೊಂದು ಹಾರ್ನ್ ಕಟ್ಟಿ, ಅದೇ ಡಬ್ಬ, ಅದೇ ಆಂಪ್ಲಿಫೈಯರ್ ಸಿಕ್ಕಿಸಿದೆ. ಮೊದಲು ಸೂರ್ಯನ ಕಡೆ. ಸೂರ್ಯ ಬೀಮ್‌ಗೆ ಹೋಲಿಸಿದರೆ ಒಂದು ಚುಕ್ಕಿ. ದೊಡ್ಡ ಹಾರ್ನ್‌ನಲ್ಲಿ 55 ಕೆಲ್ವಿನ್ ಏರಿತು. ಚಿಕ್ಕದರಲ್ಲಿ 27, 28. ಸರಿಯಾಗಿ ಅರ್ಧ. ಆಮೇಲೆ ಎರಡನ್ನೂ ರಾಜಹಂಸಕ್ಕೆ ತಿರುಗಿಸಿದೆ. ಹೈಡ್ರೋಜನ್ ದಿಬ್ಬ ಅರ್ಧ ಆಗಲಿಲ್ಲ. ಬೀಮ್ ಅಗಲವಾಗಿ ಆಕಾಶಗಂಗೆಯ ಪಟ್ಟಿಯ ಹೊರಗಿನ ಖಾಲಿ ಆಕಾಶವೂ ಸೇರಿದ್ದರಿಂದ ಸ್ವಲ್ಪ ತಗ್ಗಿತು, ಅಷ್ಟೇ. ಈ ಎರಡು ಗ್ರಾಫ್ ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಡಿಶ್ ಮಾತು ನಿಂತಿತು.

ಇನ್ನೊಂದು ಪ್ರಯೋಗ ಗ್ಯಾಲಕ್ಸಿಗೆ ಸಂಬಂಧವೇ ಇಲ್ಲದ್ದು, ಆದರೆ ನನಗೆ ತುಂಬಾ ಇಷ್ಟವಾದದ್ದು. ಗ್ಯಾಲಕ್ಸಿ ಕೇಂದ್ರದ ನೇರ ವಿರುದ್ಧ ದಿಕ್ಕು, ವೃಷಭ, ವಿಜಯಸಾರಥಿ, ಮಿಥುನ ಸೇರುವ ಜಾಗ. ಅಲ್ಲಿ ಗ್ಯಾಲಕ್ಸಿಯ ತಿರುಗುವಿಕೆ ನಮ್ಮ ಕಡೆಗೂ ಇಲ್ಲ, ಆಚೆಗೂ ಇಲ್ಲ. ಹಾಗಾಗಿ ಗೆರೆ ಒಂದೇ ಕಡೆ ನಿಲ್ಲಬೇಕು. ನಿಲ್ಲುವುದಿಲ್ಲ. ಆ ಜಾಗ ಕ್ರಾಂತಿವೃತ್ತಕ್ಕೆ (ಆಕಾಶದಲ್ಲಿ ಸೂರ್ಯ ಸಾಗುವ ದಾರಿ) ಹತ್ತಿರ. ಸೆಪ್ಟೆಂಬರ್ ಕೊನೆಗೆ ಭೂಮಿ ಅತ್ತಲೇ ಓಡುತ್ತಿರುತ್ತದೆ, ಮಾರ್ಚ್‌ನಲ್ಲಿ ಅದರಿಂದ ದೂರಕ್ಕೆ. ಎರಡೂ ತಿಂಗಳ ಗೆರೆಗಳ ನಡುವೆ ನನಗೆ ಸಿಕ್ಕ ಅಂತರ 280 ಕಿಲೋಹರ್ಟ್ಜ್ ಹತ್ತಿರ. 1 ಕಿಲೋಮೀಟರ್‌ಗೆ 4.74 ಕಿಲೋಹರ್ಟ್ಜ್ ಲೆಕ್ಕದಲ್ಲಿ ಸೆಕೆಂಡಿಗೆ 59. ಅದರ ಅರ್ಧ, 30ಕ್ಕೆ ಚೂರು ಕಮ್ಮಿ, ಭೂಮಿ ಸೂರ್ಯನನ್ನು ಸುತ್ತುವ ವೇಗ! ಫಾಯಿಲ್ ಪೆಟ್ಟಿಗೆಯಲ್ಲಿ ಭೂಮಿಯ ಓಟ ಅಳೆಯಬಹುದು ಅಂತ ನನಗೇ ಮೊದಲು ಹೊಳೆದಿರಲಿಲ್ಲ.

ಇನ್ನು ಗ್ಯಾಲಕ್ಸಿಯ ವೇಗ. ಮಾಮೂಲಿ ಟ್ಯಾಂಜೆಂಟ್ ವಿಧಾನವೇ: ನೋಟದ ದಾರಿಯಲ್ಲಿ ಕೇಂದ್ರಕ್ಕೆ ಅತಿ ಹತ್ತಿರದ ಅನಿಲವೇ ಅತಿ ವೇಗವಾಗಿ ದೂರ ಹೋಗುವಂತೆ ಕಾಣುತ್ತದೆ. ಭೂಮಿಯ ಮತ್ತು ಸೂರ್ಯನ ಸ್ವಂತ ಚಲನೆ ಕಳೆದು, ಗೆರೆಯ ಆಚೆ ಅಂಚಿನ ವೇಗ ತೆಗೆದುಕೊಳ್ಳುತ್ತೇನೆ. ಅನಿಲದ ಸ್ವಂತ ಕಲಕಾಟಕ್ಕೆ ಏಳೆಂಟು ಕಿಲೋಮೀಟರ್ ಬಿಡುತ್ತೇನೆ. ಗ್ಯಾಲಕ್ಸಿ ಸುತ್ತ ಸೂರ್ಯನ ವೇಗ ಸೆಕೆಂಡಿಗೆ 230 ಕಿಲೋಮೀಟರ್ ಅಂತ ಹಿಡಿದು, ಆ ದಿಕ್ಕಿಗೆ ಬೀಳುವ ಅದರ ಪಾಲನ್ನು ಅಂಚಿನ ವೇಗಕ್ಕೆ ಕೂಡಿಸಿದರೆ, 30 ಡಿಗ್ರಿ ರೇಖಾಂಶದಲ್ಲಿ (ಗ್ಯಾಲಕ್ಸಿ ಕೇಂದ್ರದಿಂದ ಎಷ್ಟು ಪಕ್ಕಕ್ಕೆ ಅನ್ನುವ ಕೋನ) ಅಂಚು 105, ಒಟ್ಟು 220. 45ರಲ್ಲಿ ಅಂಚು 65, ಒಟ್ಟು 228. 60ರಲ್ಲಿ 33, ಒಟ್ಟು 232. ನೆನಪಿನಿಂದ ಬರೆಯುತ್ತಿದ್ದೇನೆ, ಎರಡು ಮೂರು ಆಚೀಚೆ ಇರಬಹುದು. ಬೀಮ್ ಅಗಲ ಇರುವುದರಿಂದ 30 ಡಿಗ್ರಿಯ ಅಂಚು ಹಾಗೇ ಬಿಟ್ಟರೆ ಹತ್ತು ಹದಿನೈದು ಮೇಲಕ್ಕೆ ತೇಲುತ್ತದೆ. ಅದನ್ನು ಸರಿಪಡಿಸುವ ಬಗೆ, ಬೇಸ್‌ಲೈನ್ (ಗೆರೆ ಇಲ್ಲದ ಕಡೆಯ ಮಟ್ಟ) ಎಳೆಯುವಾಗ ಎಲ್ಲೆಲ್ಲಿ ಕತ್ತರಿಸುತ್ತೇನೆ ಅನ್ನೋದು, ಇವೆರಡನ್ನೂ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಕೇಂದ್ರದಿಂದ 4 ಕಿಲೋಪಾರ್ಸೆಕ್‌ನಲ್ಲಿ (ಒಂದು ಕಿಲೋಪಾರ್ಸೆಕ್ ಅಂದರೆ ಸುಮಾರು 3,260 ಜ್ಯೋತಿರ್ವರ್ಷ), ಅಂದರೆ 30 ಡಿಗ್ರಿಯಲ್ಲಿ, 220 ಇದ್ದದ್ದು, ದ್ರವ್ಯವೆಲ್ಲ ನಡುವೆಯೇ ಇದ್ದಿದ್ದರೆ 7ರಲ್ಲಿ, ಅಂದರೆ 60 ಡಿಗ್ರಿಯಲ್ಲಿ, 165ಕ್ಕೆ ಇಳಿಯಬೇಕಿತ್ತು. ಇಳಿದಿಲ್ಲ. ಇದನ್ನೇ ಹಿಡಿದುಕೊಂಡು "ಮನೆಯಲ್ಲೇ ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಗುರುತ್ವದಿಂದ ಮಾತ್ರ ಗೊತ್ತಾಗುವ ದ್ರವ್ಯ) ಕಂಡೆ" ಅನ್ನುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಸೂರ್ಯನ ಒಳಸುತ್ತಿನಲ್ಲಿ ಕಾಣುವ ನಕ್ಷತ್ರ, ಅನಿಲಗಳ ಪಾಲೂ ದೊಡ್ಡದೇ. ಡಾರ್ಕ್ ಮ್ಯಾಟರ್‌ಗೆ ಗಟ್ಟಿ ಸಾಕ್ಷಿ ಹೊರಸುತ್ತಿನಲ್ಲಿ. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗ್ಯಾಲಕ್ಸಿಯ ಹೊರಗಿನವರೆಗೂ ವೇಗ ಅಳೆದದ್ದು ಅದಕ್ಕೇ ಅಷ್ಟು ದೊಡ್ಡ ಕೆಲಸ. ನಮ್ಮದೇ ಗ್ಯಾಲಕ್ಸಿಯ ಹೊರಸುತ್ತಿಗೆ ಟ್ಯಾಂಜೆಂಟ್ ವಿಧಾನ ಬರುವುದಿಲ್ಲ, ದೂರ ಬೇರೆ ದಾರಿಯಿಂದ ಗೊತ್ತಾಗಬೇಕು.

ಆದರೂ ಹೊರಸುತ್ತನ್ನು ನೋಡುವುದು ಬಿಟ್ಟಿಲ್ಲ. 120, 130 ಡಿಗ್ರಿ ಕಡೆ, ಕುಂತಿ (ಕ್ಯಾಸಿಯೋಪಿಯಾ) ನಕ್ಷತ್ರಪುಂಜದ ಆಸುಪಾಸು, ಗೆರೆ ಒಂದಲ್ಲ ಎರಡಾಗುತ್ತದೆ. ಸೊನ್ನೆ ವೇಗದ ಹತ್ತಿರ ನಮ್ಮ ಪಕ್ಕದ ಅನಿಲ, ಮೈನಸ್ 50ರ (ನಮ್ಮ ಕಡೆಗೆ ಸೆಕೆಂಡಿಗೆ 50 ಕಿಲೋಮೀಟರ್) ಹತ್ತಿರ ಗ್ಯಾಲಕ್ಸಿಯ ಸುರುಳಿ ತೋಳುಗಳಲ್ಲಿ ಒಂದಾದ ಪರ್ಸಿಯಸ್ ತೋಳು. ಅದರಾಚೆ ಇನ್ನೂ ಒಂದು ಸಣ್ಣ ಏರು ಇದೆ. ಚಿಕ್ಕ ಹಾರ್ನ್‌ನಲ್ಲಿ ಅದು ಕಲಸಿಹೋಗುತ್ತದೆ, ದೊಡ್ಡದರಲ್ಲಿ ಅರೆಬರೆ ಬಿಡಿಸಿ ಕಾಣುತ್ತದೆ. ಅದನ್ನು ಬಿಡಿಸಲು ಸಿಗ್ನಲ್ ಸಾಲದು ಅಂತಲ್ಲ, ಬೀಮ್ ಸಣ್ಣದಾಗಬೇಕು. ಹಾಗಾಗಿ ಒಂದೂವರೆ ಮೀಟರ್ ಬಾಯಿಯ ಹಾರ್ನ್‌ಗೆ ಹಲಗೆ ಕತ್ತರಿಸಿಟ್ಟಿದ್ದೇನೆ. ಅಷ್ಟು ದೊಡ್ಡದನ್ನು ಮಡಚುವ ಹಾಗೆ ಕಟ್ಟಬೇಕು. ಮಡಚುವ ಕೀಲಿನಲ್ಲಿ ಫಾಯಿಲ್ ಹರಿಯದ ಹಾಗೆ ಯಾರಾದರೂ ಮಾಡಿದ್ದರೆ ತಿಳಿಸಿ.