ಎರಡು ಸಂಜೆಗೆ ಮುಗಿಯುವ ಕೈಹೆಣಿಗೆಯ ಉಡುಗೊರೆಗಳು

ಕೈಯಾರೆ ಹೆಣೆದು ಕೊಡಬೇಕೆಂದು ಆಸೆಪಡುವವರು ಸಾಮಾನ್ಯವಾಗಿ ಕೈಹಾಕುವುದೇ ಸ್ವೆಟರಿಗೆ. ನಾಮಕರಣಕ್ಕೆಂದು ಶುರು ಮಾಡಿದ್ದು, ಮಗು ಅಂಬೆಗಾಲಿಡುವ ಹೊತ್ತಿಗೂ ಒಂದು ತೋಳು ಬಾಕಿ. ಉಡುಗೊರೆಗೆ ಹೆಣೆಯುವುದಾದರೆ ಒಂದೆರಡು ಸಂಜೆಯಲ್ಲಿ ಮುಗಿಯುವ ಸಣ್ಣ ವಸ್ತುವನ್ನೇ ಆರಿಸಿ. ಕೂಸಿಗೆ ಕುಲಾವಿ, ಗೃಹಪ್ರವೇಶಕ್ಕೆ ಬಾಗಿಲ ತೋರಣ, ಅರಿಶಿನ ಕುಂಕುಮಕ್ಕೆ ಬಂದವರಿಗೆ ಲೋಟದಡಿ ಇಡುವ ಕೋಸ್ಟರು, ಬೆಳಗಿನ ವಾಕಿಂಗಿಗೆ ಹೋಗುವ ಹಿರಿಯರಿಗೆ ಕಿವಿಪಟ್ಟಿ. ಇವಕ್ಕೆ ಹೊಸ ಕೌಶಲವೇನೂ ಬೇಡ. ಯಾವ ದಾರ, ಎಷ್ಟು ಕುಣಿಕೆ, ಕೊನೆಗೆ ಹೇಗೆ ಮುಗಿಸುವುದು, ಇಷ್ಟು ಗೊತ್ತಿದ್ದರೆ ಆಯಿತು.

ಮೊದಲು ದಾರದ ಮಾತು. ಬಣ್ಣ ನೋಡಿ ದಾರ ಕೊಳ್ಳಬೇಡಿ, ವಸ್ತು ಎಲ್ಲಿ ಬಳಕೆಯಾಗುತ್ತದೆ ಎಂದು ಯೋಚಿಸಿ ಕೊಳ್ಳಿ. ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಕೊಡುವ ಉಂಡೆಗಳಲ್ಲಿ ಬಹುಪಾಲು ಅಕ್ರಿಲಿಕ್ ಎಂಬ ಕೃತಕ ದಾರ. ಮೆತ್ತಗಿರುತ್ತದೆ, ಬಣ್ಣ ಬಿಡುವುದಿಲ್ಲ, ಮೆಶಿನ್ನಿಗೂ ಹಾಕಬಹುದು. ಆದರೆ ಬಿಸಿ ತಾಗಿದರೆ ಕರಗುತ್ತದೆ. ಕುಕ್ಕರ್ ಇಳಿಸುವ ಮಸಿಬಟ್ಟೆಯನ್ನಾಗಲಿ, ಬಿಸಿ ಪಾತ್ರೆಯಡಿ ಇಡುವ ಮ್ಯಾಟನ್ನಾಗಲಿ ಅಕ್ರಿಲಿಕ್ಕಿನಲ್ಲಿ ಹೆಣೆದು ಯಾರಿಗೂ ಕೊಡಬೇಡಿ. ಕೈಗೆ ಅಂಟಿಕೊಂಡು ಸುಡುತ್ತದೆ. ಅಡುಗೆಮನೆಗೆ ಹತ್ತಿ ದಾರವೇ ಸರಿ. ಮನೆಯಲ್ಲಿರುವ ಹಳೆಯ ಉಂಡೆ ಯಾವುದೆಂದು ತಿಳಿಯದಿದ್ದರೆ ಎರಡು ಇಂಚಿನ ತುಂಡನ್ನು ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿಕಡ್ಡಿ ತೋರಿಸಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ. ನಿಜವಾದ ಉಣ್ಣೆ ಕೂದಲು ಸುಟ್ಟ ಹಾಗೆ ನಾರುತ್ತದೆ. ಅಕ್ರಿಲಿಕ್ ಕರಗಿ, ಆರಿದ ಮೇಲೆ ಕಪ್ಪು ಗಟ್ಟಿ ಮಣಿಯಾಗಿ ಉಳಿಯುತ್ತದೆ.

ಒಂದಕ್ಕಿಂತ ಹೆಚ್ಚು ಉಂಡೆ ಬೇಕಾದರೆ ಲೇಬಲ್ಲಿನ ಮೇಲಿನ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಕಂತಿನ ಸಂಖ್ಯೆ) ಒಂದೇ ಇದೆಯೇ ನೋಡಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಾಣುವ ಎರಡು ಹಸಿರು, ಬಿಸಿಲಿಗೆ ಬಂದ ಕೂಡಲೇ ಬೇರೆ ಬೇರೆ ಎಂದು ಗೊತ್ತಾಗುತ್ತದೆ. ಕೆಂಪು, ಮರೂನ್, ಕಡುನೀಲಿ ಹತ್ತಿಯನ್ನು ಬಿಳಿಯ ಜೊತೆ ಸೇರಿಸುವ ಮುನ್ನ ಒಂದು ಗೇಣು ದಾರ ನೆನೆಸಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ಜೋಡಿ ಬೇಡ.

ಕಡ್ಡಿಯ ನಂಬರಿನಲ್ಲಿ ಎಡವುವವರೂ ಬಹಳ. ನಮ್ಮಲ್ಲಿ ಹಳೆಯ ಬ್ರಿಟಿಷ್ ಲೆಕ್ಕ ಇನ್ನೂ ನಡೆಯುತ್ತಿದೆ. ಅದರಲ್ಲಿ ಸಂಖ್ಯೆ ಏರಿದಂತೆ ಕಡ್ಡಿ ಸಣ್ಣದಾಗುತ್ತದೆ: 8 ನಂಬರ್ ಅಂದರೆ 4 ಮಿ.ಮೀ., 10 ನಂಬರ್ ಅಂದರೆ 3.25 ಮಿ.ಮೀ. ಅಮೆರಿಕದ ಲೆಕ್ಕ ಇದಕ್ಕೆ ತಿರುಗುಮುರುಗು, ಅಲ್ಲಿನ 8 ಅಂದರೆ 5 ಮಿ.ಮೀ. ಹೊರದೇಶದಲ್ಲಿರುವ ಮಗಳು ಕಳಿಸಿದ ಕಡ್ಡಿಯಲ್ಲಿ ಇಲ್ಲಿನ ಲೆಕ್ಕ ಹಿಡಿದು ಹೆಣೆದರೆ ಟೋಪಿ ಬುಟ್ಟಿಯಾಗುತ್ತದೆ. ನಂಬರ್ ಬಿಟ್ಟು ಮಿ.ಮೀ. ನೋಡುವುದು ಒಳ್ಳೆಯದು. ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿಯಲ್ಲಿ ಹೆಣೆಯುವ ಕ್ರೋಶಾದಲ್ಲೂ ಇದೇ ಗೊಂದಲ: ಅಮೆರಿಕದವರು ‘ಸಿಂಗಲ್’ ಎನ್ನುವುದನ್ನು ಬ್ರಿಟಿಷರು ‘ಡಬಲ್’ ಎನ್ನುತ್ತಾರೆ, ಅಮೆರಿಕದ ‘ಡಬಲ್’ ಬ್ರಿಟಿಷರ ‘ಟ್ರೆಬಲ್’. ಇಲ್ಲಿ ಕೊಟ್ಟಿರುವುದೆಲ್ಲ ಅಮೆರಿಕದ ಹೆಸರು. ಕಡ್ಡಿಗೆ ದಾರ ಸುತ್ತದೆ ಹೆಣೆದರೆ ಸಿಂಗಲ್. ಒಮ್ಮೆ ಸುತ್ತಿ ಎರಡೆರಡಾಗಿ ಎಳೆದರೆ ಡಬಲ್. ಒಮ್ಮೆ ಸುತ್ತಿ ಮೂರನ್ನೂ ಒಟ್ಟಿಗೆ ಎಳೆದರೆ ಹಾಫ್ ಡಬಲ್.

ಕಡ್ಡಿ ಹಿಡಿದು ವರ್ಷಗಳಾಗಿದ್ದರೆ ಅಥವಾ ಈಗಷ್ಟೇ ಕಲಿಯುತ್ತಿದ್ದರೆ ಚೌಕದ ಒರೆಸುವ ಬಟ್ಟೆಯಿಂದ ಶುರು ಮಾಡಿ. 50 ಗ್ರಾಂ ಹತ್ತಿ ದಾರ, 4 ಮಿ.ಮೀ. ಕಡ್ಡಿ. 4 ಕುಣಿಕೆ ಹಾಕಿ ಒಂದು ಸಾಲು ನಿಟ್ (ದಾರ ಹಿಂದಿಟ್ಟು, ಕಡ್ಡಿಯನ್ನು ಮುಂದಿನಿಂದ ಹಿಂದಕ್ಕೆ ತೂರಿಸುವ ಸಾದಾ ಹೆಣಿಗೆ) ಮಾಡಿ. ಆಮೇಲೆ ಪ್ರತಿ ಸಾಲಿಗೂ 2 ನಿಟ್, ದಾರ ಮುಂದೆ ತಂದು ಕಡ್ಡಿಯ ಮೇಲೆ ಒಂದು ಸುತ್ತು, ಉಳಿದದ್ದೆಲ್ಲ ನಿಟ್. ಸಾಲಿಗೊಂದು ಕುಣಿಕೆ ಏರುತ್ತಾ ಮೂಲೆಯಿಂದ ತ್ರಿಕೋನ ಬೆಳೆಯುತ್ತದೆ, ಅಂಚಿಗೆ ತಾನಾಗಿಯೇ ಸಣ್ಣ ತೂತಿನ ಕಸೂತಿ ಬರುತ್ತದೆ. 44 ಕುಣಿಕೆಯಾದಾಗ ಇಳಿಸಲು ತೊಡಗಿ: 1 ನಿಟ್, 2 ಸೇರಿಸಿ ನಿಟ್, ದಾರ ಒಂದು ಸುತ್ತು, ಮತ್ತೆ 2 ಸೇರಿಸಿ ನಿಟ್, ಉಳಿದದ್ದು ನಿಟ್. 4 ಉಳಿದಾಗ ಮುಗಿಸಿ. ಇದರ ಅನುಕೂಲವೆಂದರೆ ಅಳತೆ ಹಿಡಿಯುವ ಗೋಜಿಲ್ಲ. ದಾರ ಸಾಲುವುದೋ ಇಲ್ಲವೋ ಎಂಬ ಅನುಮಾನವಿದ್ದರೆ ಉಂಡೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿಡಿ. ಅರ್ಧಕ್ಕಿಂತ ಒಂದೆರಡು ಗ್ರಾಂ ಹೆಚ್ಚು ಉಳಿದಿರುವಾಗಲೇ ಇಳಿಸಲು ಶುರು ಮಾಡಿದರೆ ಕೊನೆಯಲ್ಲಿ ದಾರಕ್ಕೆ ಒದ್ದಾಡಬೇಕಿಲ್ಲ. ಮೆತ್ತನೆಯ ಹತ್ತಿಯಾದರೆ ಇದೇ ಮಗುವಿನ ಮುಖ ಒರೆಸುವ ಬಟ್ಟೆಯೂ ಆಗುತ್ತದೆ.

ಕೋಸ್ಟರಿಗೆ ಹತ್ತಿ ದಾರ, 3 ಮಿ.ಮೀ. ಕ್ರೋಶಾ ಕಡ್ಡಿ. 4 ಚೈನು (ಸರಪಳಿಯಂತೆ ಒಂದರೊಳಗೊಂದು ಎಳೆದ ಕುಣಿಕೆ) ಹಾಕಿ, ಸ್ಲಿಪ್ಪಿನಿಂದ, ಅಂದರೆ ಮೊದಲ ಚೈನಿನೊಳಗೆ ಕಡ್ಡಿ ತೂರಿಸಿ ದಾರವನ್ನು ಎರಡರಿಂದಲೂ ಒಟ್ಟಿಗೆ ಎಳೆದು, ಉಂಗುರ ಮಾಡಿ. 3 ಚೈನು ಎತ್ತಿ (ಅದೇ ಮೊದಲ ಡಬಲ್), ಉಂಗುರದೊಳಗೆ ಇನ್ನೂ 11 ಡಬಲ್. ಎರಡನೇ ಸುತ್ತಿನಲ್ಲಿ ಪ್ರತಿಯೊಂದರಲ್ಲೂ ಎರಡೆರಡು, ಒಟ್ಟು 24. ಮೂರನೆಯದರಲ್ಲಿ ಒಂದು ಬಿಟ್ಟು ಒಂದರಲ್ಲಿ ಎರಡು, ಒಟ್ಟು 36. ನಾಲ್ಕನೆಯದರಲ್ಲಿ ಪ್ರತಿ ಮೂರನೆಯದರಲ್ಲಿ ಎರಡು, 48. ಸುಮಾರು ನಾಲ್ಕು ಇಂಚಿನ ಬಿಲ್ಲೆ ಸಿದ್ಧ. ಸುತ್ತಿಗೆ 12 ಏರಿದರೆ ಡಬಲ್ ಚಪ್ಪಟೆಯಾಗಿ ಕೂರುತ್ತದೆ, ಸಿಂಗಲ್ ಆದರೆ ಸುತ್ತಿಗೆ 6. ಬಿಲ್ಲೆ ಬಟ್ಟಲಿನಂತೆ ಒಳಗೆ ಮಡಚಿಕೊಂಡರೆ ಏರಿಸಿದ್ದು ಕಡಿಮೆ, ಅಂಚು ನಿರಿಗೆ ನಿರಿಗೆಯಾದರೆ ಹೆಚ್ಚು. ಎಣಿಸದೆ ‘ಸರಿಯಾಗಬಹುದು’ ಎಂದು ಮುಂದೆ ಹೋದರೆ ಎಷ್ಟು ಇಸ್ತ್ರಿ ಮಾಡಿದರೂ ಅದು ಚಪ್ಪಟೆಯಾಗದು. ಉಬ್ಬು ಹೂವಿನ ವಿನ್ಯಾಸ ನೋಡಲು ಚೆಂದ, ಆದರೆ ಅದರ ಮೇಲೆ ಸ್ಟೀಲ್ ಲೋಟ ಓಲಾಡುತ್ತದೆ. ಕೋಸ್ಟರಿಗೆ ಸಪಾಟಾದ ಹೆಣಿಗೆಯೇ ಸಾಕು. 50 ಗ್ರಾಮಿಗೆ ನಾಲ್ಕಂತೂ ಧಾರಾಳವಾಗಿ ಬರುತ್ತವೆ. ನಾಲ್ಕನ್ನೂ ಒಂದೇ ಪಟ್ಟಿನಲ್ಲಿ ಕೂತು ಹೆಣೆದರೆ ಕೈಬಿಗಿ ಒಂದೇ ಆಗಿ ಅಳತೆಯೂ ಒಂದೇ ಆಗುತ್ತದೆ.

ಬಿಸಿ ಪಾತ್ರೆಗೆಂದು ಹೆಣೆಯುವುದಾದರೆ ಡಬಲ್ ಬೇಡ, ಅದರ ಸಂದಿಯಲ್ಲಿ ಬಿಸಿ ನೇರ ಕೈಗೆ ಬರುತ್ತದೆ. ಒತ್ತಾಗಿ ಸಿಂಗಲ್ಲಿನಲ್ಲೇ ಎರಡು ಬಿಲ್ಲೆ ಮಾಡಿ, ಬೆನ್ನಿಗೆ ಬೆನ್ನು ಸೇರಿಸಿ ಅಂಚು ಹೆಣೆಯಿರಿ. ಒದ್ದೆಯಾಗಿದ್ದಾಗ ಇದನ್ನು ಬಳಸಬಾರದು, ನೀರು ಬಿಸಿಯನ್ನು ಸರಕ್ಕನೆ ದಾಟಿಸುತ್ತದೆ. ಉಡುಗೊರೆ ಕೊಡುವಾಗ ಈ ಮಾತನ್ನೂ ಹೇಳಿ ಕೊಡಿ.

ತೋರಣ ಎಲ್ಲರಿಗೂ ಇಷ್ಟವಾಗುವ ಉಡುಗೊರೆ. ಆದರೆ ತಿಂಗಳು ಕಳೆಯುವುದರೊಳಗೆ ನಡುವಲ್ಲಿ ಜೋತುಬೀಳುವುದೂ ಇದೇ. ಕಾರಣ ಎಲೆಯ ಭಾರವಲ್ಲ, ಮೇಲಿನ ಪಟ್ಟಿ. ಬರೀ ಚೈನಿನ ಮೇಲೆ ಕಟ್ಟಿದ ಪಟ್ಟಿ ಎಳೆದಷ್ಟೂ ಹಿಗ್ಗುತ್ತದೆ. ಅದರ ಬದಲು ಪೆನ್ಸಿಲಿನ ಅರ್ಧದಷ್ಟು ದಪ್ಪದ ನೂಲಿನ ಹುರಿಯನ್ನು ಬಾಗಿಲ ಅಳತೆಗೆ ಕತ್ತರಿಸಿ, ಎರಡೂ ತುದಿಯಲ್ಲಿ ಮೊಳೆಗೆ ಸಿಕ್ಕಿಸುವ ಕುಣಿಕೆಗೆಂದು ನಾಲ್ಕು ನಾಲ್ಕು ಇಂಚು ಹೆಚ್ಚು ಬಿಡಿ. ಆ ಹುರಿಯನ್ನೇ ಒಳಗಿಟ್ಟುಕೊಂಡು ಅದರ ಮೇಲೆ ಸಿಂಗಲ್ ಕ್ರೋಶಾ ಒತ್ತೊತ್ತಾಗಿ ಹೆಣೆಯುತ್ತಾ ಹೋಗಿ. ಹುರಿ ಹಿಗ್ಗದು, ಪಟ್ಟಿಯೂ ಜೋಲದು. ಅದರ ಕೆಳಗೆ ಬೇರೆ ಬಣ್ಣದಲ್ಲಿ ಒಂದು ಸಾಲು ಡಬಲ್ ಹಾಕಿದರೆ ಪಟ್ಟಿಗೆ ಅಗಲ ಬರುತ್ತದೆ.

ಮಾವಿನೆಲೆಗೆ ಹಸಿರು ಅಕ್ರಿಲಿಕ್, 3.5 ಮಿ.ಮೀ. ಕಡ್ಡಿ. 16 ಚೈನು ಹಾಕಿ. ಕಡ್ಡಿಯಿಂದ ಎರಡನೇ ಚೈನಿನಲ್ಲಿ ಶುರು ಮಾಡಿ 2 ಸಿಂಗಲ್, 2 ಹಾಫ್ ಡಬಲ್, 7 ಡಬಲ್, 2 ಹಾಫ್ ಡಬಲ್, 2 ಸಿಂಗಲ್, ಒಟ್ಟು 15. ಚೈನಿನ ಕೊನೆ ಬಂತು. ಅಲ್ಲಿ 2 ಚೈನು ಹಾಕಿದರೆ ಎಲೆಯ ತುದಿ ಮೊನಚಾಗುತ್ತದೆ. ಈಗ ಹಾಗೇ ತಿರುಗಿಸಿ, ಅದೇ ಚೈನಿನ ಇನ್ನೊಂದು ಬದಿಯಲ್ಲಿ ಅದೇ ಲೆಕ್ಕದಲ್ಲಿ ವಾಪಸ್ ಬನ್ನಿ. ಹೆಣಿಗೆ ಮುಗಿಯುವುದು ತೊಟ್ಟಿನ ಕಡೆಗೆ, ಹಾಗಾಗಿ ಒಂದು ಗೇಣು ದಾರ ಬಿಟ್ಟು ಕತ್ತರಿಸಿ, ಅದರಲ್ಲೇ ಪಟ್ಟಿಗೆ ಹೊಲಿಯಬಹುದು. ತುದಿಯ ಕಡೆ ಉಳಿದ ಮೊದಲ ದಾರವನ್ನು ಎಲೆಯ ಹಿಂಬದಿಗೆ ಸೇರಿಸಿಬಿಡಿ. ಮೂರಡಿ ಬಾಗಿಲಿಗೆ, ಅಂದರೆ 91 ಸೆಂ.ಮೀ.ಗೆ, 13 ಎಲೆ ಸರಿಯಾಗುತ್ತವೆ: ತುದಿಯಿಂದ ಮೂರೂವರೆ ಸೆಂ.ಮೀ. ಬಿಟ್ಟು ಮೊದಲನೆಯದು, ಅಲ್ಲಿಂದ ಏಳೇಳು ಸೆಂ.ಮೀ.ಗೆ ಒಂದು. ಮೊದಲು ಎರಡು ತುದಿಯದು, ಆಮೇಲೆ ನಡುವಿನದು, ಆಮೇಲೆ ಉಳಿದವು ಹೀಗೆ ಪಿನ್ನು ಚುಚ್ಚಿ ನೋಡಿ ಹೊಲಿಯಿರಿ. ಒಂದು ಕಡೆಯಿಂದ ಹೊಲಿಯುತ್ತಾ ಹೋದರೆ ಕೊನೆಯ ಎಲೆಗೆ ಜಾಗವೇ ಇರುವುದಿಲ್ಲ. ಹಸಿರು 30 ಗ್ರಾಂ, ಪಟ್ಟಿಗೆ ಹಳದಿ ಕೆಂಪು ಸೇರಿ ಅಷ್ಟೇ ಸಾಕು. ಬಾಗಿಲ ಅಳತೆಯನ್ನು ಮಾತ್ರ ಮೊದಲೇ ಕೇಳಿಕೊಳ್ಳಿ. ದೇವರಮನೆಯ ಬಾಗಿಲಿಗೆ ಕೊಡುವುದಾದರೆ ದೀಪದ ಜ್ವಾಲೆಗೆ ದೂರವಿರುವಂತೆ ಕಟ್ಟಲು ಹೇಳಿ.

ಇನ್ನು ಕುಲಾವಿ. ಹುಟ್ಟಿದ ಮಗುವಿನ ತಲೆಸುತ್ತು ಸುಮಾರು 34–35 ಸೆಂ.ಮೀ., ಮೂರು ತಿಂಗಳಿಗೆ 40ರ ಹತ್ತಿರ. ಬಾಣಂತಿ ಕೋಣೆಯ ಅಳತೆಗೆ ಹೆಣೆದರೆ ನಾಮಕರಣದ ಹೊತ್ತಿಗೇ ಬಿಗಿಯಾಗುತ್ತದೆ. ಎರಡು ತಿಂಗಳಿಂದ ಆರು ತಿಂಗಳವರೆಗೆ ಬರುವ ಅಳತೆಯೇ ಲೇಸು. ಮಗುವಿಗೆಂದೇ ಬರುವ ಮೆತ್ತನೆಯ ದಾರ 40 ಗ್ರಾಂ ಸಾಕು, 10 ಸೆಂ.ಮೀ.ಗೆ 22 ಕುಣಿಕೆ ಬರಬೇಕು. ಮೊದಲು 8 ನಂಬರ್ ಕಡ್ಡಿಯಲ್ಲಿ 30 ಕುಣಿಕೆಯ ತುಂಡು ಹೆಣೆದು, ನಡುವಿನ 10 ಸೆಂ.ಮೀ. ಎಣಿಸಿ ನೋಡಿ. 20 ಬಂದರೆ ಒಂದು ಅಳತೆ ಸಣ್ಣ ಕಡ್ಡಿ ಹಿಡಿಯಿರಿ, 24 ಬಂದರೆ ಒಂದು ಅಳತೆ ದಪ್ಪದ್ದು.

10 ನಂಬರ್ ಕಡ್ಡಿಯಲ್ಲಿ 82 ಕುಣಿಕೆ ಸಡಿಲವಾಗಿ ಹಾಕಿ. 2 ನಿಟ್, 2 ಪರ್ಲ್ (ದಾರ ಮುಂದಿಟ್ಟು, ಕಡ್ಡಿಯನ್ನು ಹಿಂದಿನಿಂದ ಮುಂದಕ್ಕೆ ತೂರಿಸುವ ಉಲ್ಟಾ ಹೆಣಿಗೆ), ಹೀಗೇ ಸಾಲಿನುದ್ದಕ್ಕೂ, ಕೊನೆಗೆ 2 ನಿಟ್. ಹಿಂಬದಿ ಸಾಲಿನಲ್ಲಿ ಎದುರಿಗೆ ಕಂಡದ್ದನ್ನು ಕಂಡ ಹಾಗೇ ಹೆಣೆಯಿರಿ. ಎಂಟು ಸಾಲು ಆದ ಮೇಲೆ 8 ನಂಬರ್ ಕಡ್ಡಿಗೆ ಬದಲಾಯಿಸಿ, ಒಂದು ಸಾಲು ನಿಟ್ ಒಂದು ಸಾಲು ಪರ್ಲ್ ಮಾಡುತ್ತಾ ಒಟ್ಟು 10 ಸೆಂ.ಮೀ. ಎತ್ತರಕ್ಕೆ ಬನ್ನಿ. ಇನ್ನು ಇಳಿಸುವುದು. ಅಂಚಿನ 1 ನಿಟ್, ‘8 ನಿಟ್, 2 ಸೇರಿಸಿ ನಿಟ್’ ಎಂಟು ಸಲ, ಅಂಚಿನ 1 ನಿಟ್. ಮುಂದಿನ ಸಾಲು ಪೂರ್ತಿ ಪರ್ಲ್. ಆಮೇಲೆ 8ರ ಜಾಗದಲ್ಲಿ 7, ಮುಂದೆ 6, ಹೀಗೆ ನಡುವೆ ಒಂದೊಂದು ಪರ್ಲ್ ಸಾಲಿನೊಂದಿಗೆ ಇಳಿದು ಬಂದರೆ ಕೊನೆಗೆ ಕಡ್ಡಿಯಲ್ಲಿ 10 ಉಳಿಯುತ್ತವೆ. ದಾರ ಒಂದೂವರೆ ಗೇಣು ಬಿಟ್ಟು ಕತ್ತರಿಸಿ, ದಬ್ಬಳದಲ್ಲಿ ಆ ಹತ್ತನ್ನೂ ಪೋಣಿಸಿ ಎಳೆದು ಬಿಗಿಮಾಡಿ, ಅದೇ ದಾರದಲ್ಲಿ ಬದಿಯನ್ನು ಹೊಲಿಯಿರಿ. ಅಂಚಿನ ಒಂದೊಂದು ಕುಣಿಕೆ ಹೊಲಿಗೆಗೆ ಹೋದರೆ ಕೆಳಗಿನ 2-2 ಪಟ್ಟೆ ಮುರಿಯದೆ ಸೇರುತ್ತದೆ. ಮೊದಲ ಸಾಲನ್ನು ಬಿಗಿಯಾಗಿ ಹಾಕಿದರೆ ಮಗುವಿನ ಹಣೆಯಲ್ಲಿ ಬರೆ ಮೂಡುತ್ತದೆ. ಕೈ ಬಿಗಿ ಇರುವವರು ಆ ಒಂದು ಸಾಲನ್ನು ದಪ್ಪ ಕಡ್ಡಿಯಲ್ಲಿ ಹಾಕಿಕೊಳ್ಳಿ.

ಕೂಸಿನ ವಸ್ತುವಿಗೆ ಮಣಿ, ಗುಂಡಿ, ಉದ್ದನೆಯ ಲಾಡಿ ಬೇಡವೇ ಬೇಡ. ಕಾಲುಚೀಲ, ಕೈಗವಸು ಹೆಣೆಯುವವರು ಒಳಬದಿಯಲ್ಲಿ ದಾರ ಜೋತಾಡುತ್ತಿದೆಯೇ ಎಂದು ಬೆರಳು ಹಾಕಿ ನೋಡಲೇಬೇಕು. ಸಡಿಲ ಎಳೆ ಮಗುವಿನ ಬೆರಳಿಗೆ ಸುತ್ತಿಕೊಂಡು ರಕ್ತ ಕಟ್ಟಿಬಿಡಬಹುದು. ಮಡಿಕೇರಿ, ಚಿಕ್ಕಮಗಳೂರಿನ ಕಡೆಗೆ ಉಲ್ಲನ್ ಸರಿ. ಕಲಬುರಗಿ, ರಾಯಚೂರಿನ ಕೂಸಿಗೆ ಹತ್ತಿಯಲ್ಲೇ ಹೆಣೆಯಿರಿ. ಎಲ್ಲೇ ಆದರೂ ಮನೆಯೊಳಗೆ ಮಲಗಿಸಿದಾಗ ಟೋಪಿ ತೆಗೆಯಬೇಕು, ಎಳೆ ಮಕ್ಕಳ ಮೈ ಬಿಸಿ ಬಹಳಷ್ಟು ತಲೆಯಿಂದಲೂ ಹೊರಹೋಗುತ್ತದೆ.

ಕಿವಿಪಟ್ಟಿ ಎಲ್ಲಕ್ಕಿಂತ ಬೇಗ ಮುಗಿಯುತ್ತದೆ. ಕುಲಾವಿಯ ದಾರವನ್ನೇ ಎರಡೆಳೆ ಸೇರಿಸಿ, 6 ಮಿ.ಮೀ. ಕಡ್ಡಿಯಲ್ಲಿ 15 ಕುಣಿಕೆ, ಎಲ್ಲ ಸಾಲೂ ನಿಟ್. ಒಂದು ಸಾಲು ನಿಟ್ ಒಂದು ಪರ್ಲ್ ಮಾಡಿದರೆ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ, ಪಟ್ಟಿಗೆ ಅದು ಆಗದು. ತಲೆಸುತ್ತಿಗಿಂತ ಏಳು ಸೆಂ.ಮೀ. ಕಡಿಮೆ ಇರುವಾಗ, ಅಂದರೆ ದೊಡ್ಡವರಿಗೆ ಸುಮಾರು 48 ಸೆಂ.ಮೀ.ಗೆ, ಸಡಿಲವಾಗಿ ಮುಗಿಸಿ ತುದಿಗೆ ತುದಿ ಹೊಲಿಯಿರಿ.

ಹೆಣಿಗೆಯ ಹದ ಗೊತ್ತಾಗುವುದು ಮಗುಚಿ ನೋಡಿದಾಗ. ದಾರದ ಕೊನೆಗೆ ಗಂಟು ಹಾಕಿ ಕತ್ತರಿಸಬೇಡಿ. ಗಂಟು ಒಗೆದಾಗ ಬಿಚ್ಚಿಕೊಳ್ಳುತ್ತದೆ, ಇಲ್ಲವೇ ಮುಂಬದಿಗೆ ಇಣುಕುತ್ತದೆ. ನಾಲ್ಕು ಇಂಚು ಬಿಟ್ಟು, ದಬ್ಬಳದಲ್ಲಿ ಎರಡು ಇಂಚು ಒಂದು ದಿಕ್ಕಿಗೆ, ಮತ್ತೆ ಒಂದು ಇಂಚು ಹಿಂದಕ್ಕೆ ಪೋಣಿಸಿ ಕತ್ತರಿಸಿ. ಹತ್ತಿ ಹೆಚ್ಚು ಜಾರುವುದರಿಂದ ಅದಕ್ಕೆ ಮೂರನೇ ಸಲವೂ ಪೋಣಿಸಿ. ಜಾರಿಬಿದ್ದ ಕುಣಿಕೆಯನ್ನು ಕ್ರೋಶಾ ಕಡ್ಡಿಯಿಂದ ಒಂದೊಂದೇ ಮೆಟ್ಟಿಲು ಹತ್ತಿಸಿ ತರಬಹುದು, ಪೂರ್ತಿ ಬಿಚ್ಚಬೇಕಿಲ್ಲ. ಕ್ರೋಶಾದಲ್ಲಿ ಬದಿ ಓರೆಯಾಗುತ್ತಿದ್ದರೆ ಸಾಲಿನ ಕೊನೆಯದೊಂದು ಪ್ರತಿ ಸಲ ಕೈತಪ್ಪುತ್ತಿದೆ ಎಂದೇ ಅರ್ಥ. ಮೊದಲ ಮತ್ತು ಕೊನೆಯ ಹೆಣಿಗೆಗೆ ಬೇರೆ ಬಣ್ಣದ ದಾರದ ತುಂಡು ಸಿಕ್ಕಿಸಿಕೊಂಡರೆ ತಪ್ಪುವುದಿಲ್ಲ.

ಕೊಡುವ ಮುನ್ನ ಎಲ್ಲವನ್ನೂ ತಣ್ಣೀರಲ್ಲಿ ಅದ್ದಿ, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಆಕಾರಕ್ಕೆ ಎಳೆದು ನೆರಳಲ್ಲಿ ಒಣಗಿಸಿ. ಹತ್ತಿಗೆ ಇಸ್ತ್ರಿ ಹಾಕಬಹುದು. ಅಕ್ರಿಲಿಕ್ಕಿಗೆ ಇಸ್ತ್ರಿಪೆಟ್ಟಿಗೆ ತಾಗಿದರೆ ಕಸುವು ಹೋಗಿ ಸೋತ ಬಟ್ಟೆಯಂತಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ಸುರುಳಿಯಾದ ತೋರಣದ ಎಲೆಗೆ ಹಬೆಯ ಇಸ್ತ್ರಿಯನ್ನು ಎರಡು ಇಂಚು ಮೇಲೆ ಹಿಡಿದು, ಹಬೆ ಬಿಟ್ಟು, ಕೈಯಲ್ಲಿ ಒತ್ತಿದರೆ ಸಾಕು. ಪೊಟ್ಟಣದೊಳಗೆ ಅದೇ ದಾರದ ಎರಡು ಮೂರು ಮೀಟರ್, ಜೊತೆಗೆ ಒಂದು ಚೀಟಿ ಇಡಿ: ಹತ್ತಿಯೋ ಅಕ್ರಿಲಿಕ್ಕೋ, ಬಿಸಿನೀರು ಆಗುತ್ತದೋ ಇಲ್ಲವೋ, ಇಸ್ತ್ರಿ ಮಾಡಬಹುದೋ ಬಾರದೋ.