ಹುಟ್ಟುಕುರುಡು ಗಿನಿಪಿಗ್ ಮರಿಯನ್ನು ಬ್ರಷ್ಷಿನಲ್ಲಿ ನೆಕ್ಕಿಸಿ ಬದುಕಿಸಿದ್ದು

"ಇದು ಉಳಿಯಲ್ಲ" ಅಂದವರು ಒಬ್ಬಿಬ್ಬರಲ್ಲ. ಮೈಸೂರಿನಲ್ಲಿ ನನ್ನ ಮರಿಗಳನ್ನು ಕೊಳ್ಳುವ ಅಂಗಡಿಯವರು ಅಂದರು. ನನಗಿಂತ ಮುಂಚಿನಿಂದ ಮೊಲ, ಗಿನಿಪಿಗ್ ಸಾಕುತ್ತಿರುವ ಮದ್ದೂರಿನ ಗೆಳೆಯ ಅಂದ. ಮೊದಲು ತೋರಿಸಿದ ಡಾಕ್ಟರಂತೂ ಇಂಜೆಕ್ಷನ್ ಕೊಟ್ಟು ಮುಗಿಸಿಬಿಡೋಣ ಅಂದರು. ಆ ಮರಿ ಈಗ ಅರ್ಧ ಕೆಜಿ ದಾಟಿದೆ. ಮಂಡ್ಯದ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ಕೊತ್ತಂಬರಿ ಕಡ್ಡಿ ಅಗಿಯುತ್ತಾ ಆರಾಮಾಗಿದೆ. ಹೇಗೆ ಮಾಡಿದಿರಿ ಅಂತ ಫೋನ್ ಮಾಡಿ ಕೇಳುವವರು ಜಾಸ್ತಿಯಾದರು, ಅದಕ್ಕೇ ಬರೆಯುತ್ತಿದ್ದೇನೆ. ಓದುವವರು ಸಾಕಣೆಯವರೇ ಅಂದುಕೊಂಡಿದ್ದೇನೆ. ಗೂಡು ಹೇಗಿರಬೇಕು, ಪೆಲೆಟ್ ಎಂದರೇನು ಅಂತೆಲ್ಲ ಹೇಳಲ್ಲ.

ತಾಯಿಯನ್ನು ನಾನು ಗಬ್ಬವಾಗಿದ್ದಾಗಲೇ ಕೊಂಡಿದ್ದು. ಬಣ್ಣದ ಕೂದಲಿನ ನಡುವೆ ಬಿಳಿ ಕೂದಲು ಬೆರೆತಿರುವ ರೋನ್ ಬಣ್ಣದ್ದು. ಸೂಲಿಗೆ ನಾಲ್ಕು ಮರಿ ಬಂದವು. ಮೂರು ದಷ್ಟಪುಷ್ಟ, ಒಂದೊಂದೂ 80–90 ಗ್ರಾಂ. ನಾಲ್ಕನೆಯದು ಪೂರ್ತಿ ಬಿಳಿ, 45 ಗ್ರಾಂ ಆಜುಬಾಜು. ಗಿನಿಪಿಗ್ ಮರಿ ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ, ಅಲ್ವಾ? ಇದರ ಕಣ್ಣಿನ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಏನೋ ಒಂದು ಇತ್ತು, ಅಷ್ಟೆ. ಪಕ್ಕದಲ್ಲಿ ಚಪ್ಪಾಳೆ ತಟ್ಟಿದೆ. ಮೂರೂ ಹುಲ್ಲಿನೊಳಗೆ ನುಗ್ಗಿದವು, ಇದು ಅಲ್ಲಾಡಲಿಲ್ಲ. ಕಿವಿಯೂ ಕೇಳಲ್ಲ.

ಗ್ರಹಣ, ಅಮಾವಾಸ್ಯೆ ಅಂತ ಬೀದಿಯವರು ಏನೇನೋ ಹೇಳಿದರು. ವಿಷಯ ಅದಲ್ಲ. ರೋನ್‌ಗೆ ರೋನ್ ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ಹೀಗೆ ಹುಟ್ಟುತ್ತದೆ. ಬಿಳಿ, ಕುರುಡು, ಬಹಳ ಸಲ ಕಿವುಡು, ಹಲ್ಲು ವಕ್ರ. ಬಿಳಿ ಮೈಮೇಲೆ ಬಣ್ಣದ ಚುಕ್ಕೆ ಇರುವ ಡಾಲ್ಮೇಶಿಯನ್ ಬಣ್ಣದವನ್ನು ಅದೇ ಬಣ್ಣಕ್ಕೆ ಅಥವಾ ರೋನ್‌ಗೆ ಬಿಟ್ಟರೂ ಇದೇ ಕಥೆ. ನೋಡೋಕೆ ಚೆನ್ನಾಗಿದೆ, ರೇಟು ಬರುತ್ತೆ ಅಂತ ಎರಡೂ ಕಡೆ ಅದೇ ಬಣ್ಣ ಹಾಕುವವರು ಈಗಲೂ ಇದ್ದಾರೆ. ರೋನ್ ಬೇಕಿದ್ದರೆ ಇನ್ನೊಂದು ಕಡೆ ಒಂದೇ ಬಣ್ಣದ್ದನ್ನು ಹಾಕಿ.

ಹಾಗಾದರೆ ಇದನ್ನು ಉಳಿಸೋಕೆ ಯಾಕೆ ಹೋದೆ? ಹಟ, ಇನ್ನೇನೂ ಅಲ್ಲ. ನಮ್ಮ ಕಡೆ ಸೊರಗಿದ ಮರಿ ಬಂದರೆ ಎರಡೇ ದಾರಿ. ಹಾಗೇ ಬಿಟ್ಟುಬಿಡುವುದು, ಇಲ್ಲವೇ ಶೂ ಡಬ್ಬದಲ್ಲಿ ಬೇರೆ ಹಾಕಿ ಸಿರಿಂಜಿನಲ್ಲಿ ಹಸುವಿನ ಹಾಲು ಕುಡಿಸುವುದು. ಎರಡರಲ್ಲೂ ಮರಿ ಸಾಯುತ್ತದೆ. ಡಬ್ಬದ ದಾರಿಯಲ್ಲಿ ಎರಡು ದಿನ ಜಾಸ್ತಿ ಬದುಕಬಹುದು, ನಮ್ಮ ನಿದ್ದೆ ಹಾಳು. ಹಿಂದಿನ ವರ್ಷಗಳಲ್ಲಿ ನನ್ನ ಶೆಡ್ಡಿನಲ್ಲೂ ಹೀಗೆ ಹೋದವು ಆರೇಳು ಇರಬಹುದು. ಕೆಲವು ಬೇಧಿಯಾಗಿ ಹೋದವು. ಕೆಲವು ಚೆನ್ನಾಗಿ ಕುಡಿದು, ಸಂಜೆ ಹೊತ್ತಿಗೆ ಬಾಯಿ ತೆರೆದು ಉಸಿರೆಳೆಯುತ್ತಾ ಹೋದವು. ಹಾಲು ಶ್ವಾಸಕೋಶಕ್ಕೆ ಇಳಿದರೆ ಹಾಗಾಗುತ್ತದೆ.

ಈ ಸಲ ಮರಿಯನ್ನು ತಾಯಿಯಿಂದ ಬಿಡಿಸಲಿಲ್ಲ. ಜೊತೆಗೆ ಹುಟ್ಟಿದ ಮರಿಗಳನ್ನು ಬಿಡಿಸಿದೆ. ಇಡೀ ಕೆಲಸದ ಗುಟ್ಟು ಇದೇ.

ಲೆಕ್ಕ ಸುಲಭ. ಗಿನಿಪಿಗ್‌ಗೆ ಇರುವುದು ಎರಡೇ ಮೊಲೆ. ಮರಿ ನಾಲ್ಕು. ಕಣ್ಣು ಕಾಣದ, ತೂಕ ಅರ್ಧ ಇರುವ ಮರಿ ಆ ನೂಕಾಟದಲ್ಲಿ ಗೆಲ್ಲೋದು ಎಲ್ಲಿ? ಆದರೆ ಬಲವಾದ ಮರಿಗಳು ಹುಟ್ಟಿದ ದಿನ, ಮಾರನೇ ದಿನದಿಂದಲೇ ಹುಲ್ಲು ಕಡಿಯುತ್ತವೆ. ಒಂದು ಗಂಟೆ ಹಾಲಿಲ್ಲದಿದ್ದರೆ ಅವಕ್ಕೆ ಏನೂ ಆಗಲ್ಲ. ಅದಕ್ಕೆ ದಿನಕ್ಕೆ ನಾಲ್ಕೈದು ಸಲ ಆ ಮೂರನ್ನೂ ಎತ್ತಿ ಪಕ್ಕದ ಕ್ರೇಟಿಗೆ ಹಾಕುತ್ತಿದ್ದೆ. ಗರಿಕೆ, ನೆನೆಸಿದ ಪೆಲೆಟ್ ಅವುಗಳ ಜೊತೆ. ಕುರುಡು ಮರಿ ತಾಯಿಯ ಹತ್ತಿರ ಒಂದೇ ಇರುತ್ತಿತ್ತು. ಅದನ್ನು ಎತ್ತಿ ಹೊಟ್ಟೆಯ ಕೆಳಗೆ ಸರಿಯಾಗಿ ಕೂರಿಸಬೇಕು, ಮೂಗು ಮೊಲೆಗೆ ತಾಗಬೇಕು. ಒಂದು ಸಲ ತಾಗಿದರೆ ಉಳಿದದ್ದು ಅದಕ್ಕೇ ಗೊತ್ತು. ತಾಯಿ ಮೊದಮೊದಲು ಎದ್ದು ಹೋಗುತ್ತಿತ್ತು. ಅದನ್ನು ಕದಲದಂತೆ ಕೂರಿಸೋಕೆ ಒಂದು ಸೊಪ್ಪಿದೆ. ಮುಂದೆ ಇಟ್ಟರೆ ಹತ್ತು ನಿಮಿಷ ಎಲ್ಲಿಗೂ ಹೋಗಲ್ಲ. ಹೆಸರು ಇಲ್ಲಿ ಬರೆಯಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ, ಕಾಫಿಯೂ ಕೊಡುತ್ತೇನೆ.

ತಾಯಿ ಹತ್ತಿರ ಇರುವುದರಿಂದ ಇನ್ನೆರಡು ಲಾಭ. ಒಂದು, ಮರಿಯ ಹಿಂಭಾಗ ನೆಕ್ಕಿ ಉಚ್ಚೆ ಮಾಡಿಸುವ ಕೆಲಸ ಅದರದ್ದೇ. ಬೇರೆ ಸಾಕಿದರೆ ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಲ್ಲಿ ನಾವು ಒರೆಸುತ್ತಾ ಕೂರಬೇಕು. ಎರಡು, ಹಿಕ್ಕೆ. ತಾಯಿಯ ಹಿಕ್ಕೆ ತಿಂದೇ ಮರಿಯ ಹೊಟ್ಟೆಗೆ ಬೇಕಾದ ಸೂಕ್ಷ್ಮಜೀವಿಗಳು ಹೋಗುವುದು. ಅದಿಲ್ಲದಿದ್ದರೆ ಮುಂದೆ ಹುಲ್ಲು ಅರಗಲ್ಲ. ಈ ಮರಿಗೆ ಹುಡುಕಿ ತಿನ್ನುವ ಶಕ್ತಿ ಇರಲಿಲ್ಲ. ತಾಯಿಯ ಬಿಸಿ ಹಿಕ್ಕೆ ಒಂದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಿವುಚಿ, ಸೋಸಿ, ದಿನಕ್ಕೆ ಎರಡು ತೊಟ್ಟು ನೆಕ್ಕಿಸಿದೆ. ಅಡುಗೆಮನೆಯ ಬಟ್ಟಲಲ್ಲಿ ಮಾಡಿದೆ ಅಂತ ನಮ್ಮಮ್ಮ ಆ ಬಟ್ಟಲನ್ನು ಬೀದಿಗೆ ಎಸೆದರು. "ಇಲಿ ಮರಿಗೆ ಇಷ್ಟು ಸೇವೆ ಮಾಡ್ತೀಯಲ್ಲೋ, ನಿಮ್ಮಪ್ಪನಿಗೆ ಒಂದು ಲೋಟ ಕಾಫಿ ಕಾಯಿಸಿ ಕೊಟ್ಟಿದ್ದೀಯೇನೋ?" ಅಂತ ಬೈಗುಳ ಬೇರೆ.

ತಾಯಿಯ ಹಾಲೊಂದೇ ಸಾಲಲಿಲ್ಲ. ತೂಕ ಏರಲಿಲ್ಲ. ಮೇಲುಹಾಲು ಕೊಡಲೇಬೇಕಾಯಿತು. 1 ಎಂಎಲ್ ಸಿರಿಂಜ್, ಸೂಜಿ ತೆಗೆದು. ಎಲ್ಲರೂ ಮಾಡುವುದು ಅದನ್ನೇ. ತೊಂದರೆ ಏನಂದರೆ ಅದರ ರಬ್ಬರ್ ಒಂದು ಕ್ಷಣ ಹಿಡಿದುಕೊಂಡು ಆಮೇಲೆ ಜರ್ ಅಂತ ಜಾರುತ್ತದೆ. ಒಂದೇ ಸಲಕ್ಕೆ ನಾಲ್ಕೈದು ತೊಟ್ಟು ಬಾಯಿಗೆ ನುಗ್ಗುತ್ತದೆ. ದೊಡ್ಡ ಮರಿ ತಡೆದುಕೊಳ್ಳುತ್ತದೆ, 45 ಗ್ರಾಂನದ್ದು ತಡೆಯಲ್ಲ. ಮೂಗಿನಲ್ಲಿ ಹಾಲಿನ ಗುಳ್ಳೆ ಕಂಡ ತಕ್ಷಣ ಸಿರಿಂಜ್ ಬಿಟ್ಟೆ. ತುದಿಗೆ ಸೈಕಲ್ಲಿನ ವಾಲ್‌ಟ್ಯೂಬ್ ಹಾಕಿ ನೋಡಿದೆ. ಮೆತ್ತಗಿತ್ತು, ಹರಿವು ಚೆನ್ನಾಗಿತ್ತು. ಆದರೆ ಇವು ಹಲ್ಲಿನ ಜೊತೆಗೇ ಹುಟ್ಟುವ ಪ್ರಾಣಿ. ಅರ್ಧ ದಿನದಲ್ಲಿ ತುದಿ ಕಡಿದಿತ್ತು. ರಬ್ಬರ್ ಚೂರು ಹೊಟ್ಟೆಗೆ ಹೋದರೆ ಅದೊಂದು ಬೇರೆ ರಗಳೆ.

ಕೊನೆಗೆ ಕೆಲಸ ಮಾಡಿದ್ದು ಅಣ್ಣನ ಮಗಳ ಡ್ರಾಯಿಂಗ್ ಬ್ರಷ್. 2ನೇ ನಂಬರಿನದು, ನೈಲಾನ್ ಕೂದಲು. ಅಗ್ಗದ ಬ್ರಷ್ ಬೇಡ, ಕೂದಲು ಉದುರುತ್ತದೆ. ಹಾಲಿನಲ್ಲಿ ಅದ್ದಿ, ಬಟ್ಟಲಂಚಿಗೆ ಒಂದು ಸಲ ಒರೆಸಿ, ತುಟಿಯ ಪಕ್ಕಕ್ಕೆ ತಾಗಿಸಬೇಕು. ಮರಿ ತಾನಾಗೇ ನೆಕ್ಕುತ್ತದೆ. ಅದಕ್ಕೆ ಎಷ್ಟು ಬೇಕೋ ಅಷ್ಟೇ ಒಳಗೆ ಹೋಗುತ್ತದೆ, ನಾವು ನೂಕುವುದು ಏನೂ ಇಲ್ಲ. ಮರಿ ನಾಲ್ಕು ಕಾಲೂರಿ ಕೂತಿರಬೇಕು. ಮಗುವಿನ ಥರ ಅಂಗಾತ ಮಲಗಿಸಿ ಫೋಟೋ ತೆಗೆಸಿಕೊಳ್ಳುವವರು ದಯವಿಟ್ಟು ಬೇರೆ ಪ್ರಾಣಿ ಸಾಕಿ. ಅರ್ಧ ಎಂಎಲ್ ನೆಕ್ಕೋಕೆ ಶುರುವಿನಲ್ಲಿ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಹಗಲು ಎರಡು ಗಂಟೆಗೊಮ್ಮೆ, ರಾತ್ರಿ ಮೂರಕ್ಕೊಮ್ಮೆ. ಮೊದಲ ವಾರ ಅದೇ ಜೀವನ.

ಹಾಲು ಯಾವುದು? ಹಸುವಿನ ಹಾಲಿಗೆ ಬೇಧಿ. ಗಿನಿಪಿಗ್ ಹಾಲಿನಲ್ಲಿ ಪ್ರೋಟೀನ್ ಹಸುವಿನದಕ್ಕಿಂತ ಎರಡು ಪಟ್ಟು, ಹಾಲಿನ ಸಕ್ಕರೆ ಕಡಿಮೆ. ಹಾಗಾಗಿ ನೀರು ಬೆರೆಸಿದರೂ ಲೆಕ್ಕ ಸರಿಹೋಗಲ್ಲ. ಮೇಕೆ ಹಾಲು ಪರವಾಗಿಲ್ಲ, ಆದರೆ ತೂಕ ಏರಲಿಲ್ಲ. ಬೆಕ್ಕಿನ ಮರಿಗೆ ಕೊಡುವ ಹಾಲಿನ ಪುಡಿಗೆ ಬಂದ ಮೇಲೆ ದಾರಿ ಸಿಕ್ಕಿತು. ಡಬ್ಬದ ಮೇಲೆ ಬರೆದಿರುವುದಕ್ಕಿಂತ ತೆಳುವಾಗಿ ಕಲಸಿ ಶುರು ಮಾಡಿದೆ. ಮೂರನೇ ದಿನದ ಹೊತ್ತಿಗೆ ಅದಕ್ಕೇ ಪೆಲೆಟ್ ಪುಡಿ ಮಾಡಿ ನೆನೆಸಿದ ಗಂಜಿ, ಕೊತ್ತಂಬರಿ ರಸ. ಇನ್ನೂ ಒಂದು ಸಾಮಾನು ಬೀಳುತ್ತದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ವಿಟಮಿನ್ ಸಿ ಮರೆಯಬೇಡಿ. ನಮ್ಮ ಹಾಗೆ ಇವಕ್ಕೂ ಮೈಯಲ್ಲಿ ತಯಾರಾಗಲ್ಲ. ಕೆಜಿ ತೂಕಕ್ಕೆ ದಿನಕ್ಕೆ 10–30 ಮಿಲಿಗ್ರಾಂ ಅನ್ನುತ್ತಾರೆ, ಬೆಳೆಯುವ ಮರಿಗೆ ಮೇಲಿನ ಲೆಕ್ಕ ಹಿಡಿಯಿರಿ. ಅಂದರೆ 50 ಗ್ರಾಂ ಮರಿಗೆ ಒಂದೆರಡು ಮಿಲಿಗ್ರಾಂ ಸಾಕು. ನೆಲ್ಲಿಕಾಯಿ ರಸ ನೆಕ್ಕಿಸಿದೆ, ಹುಳಿಗೆ ತಲೆ ಕೊಡವಿ ಬ್ರಷ್ಷನ್ನೇ ಅನುಮಾನಿಸೋಕೆ ಶುರು ಮಾಡಿತು. ಕೊತ್ತಂಬರಿಗೆ ಬಂದೆ, ಆಮೇಲೆ ದೊಣ್ಣೆಮೆಣಸಿನಕಾಯಿ. ಮೊಲದ ಪೆಲೆಟ್ ಅಗ್ಗ ಅಂತ ಅದನ್ನೇ ಹಾಕುವವರಿಗೆ ಒಂದು ಮಾತು: ಅದಕ್ಕೆ ವಿಟಮಿನ್ ಸಿ ಹಾಕಿರಲ್ಲ. ಹಿಂಗಾಲು ಎಳೆಯುತ್ತಿದೆ, ಕೀಲು ಊದಿದೆ ಅಂತ ಬರುವ ಫೋನುಗಳಲ್ಲಿ ಅರ್ಧ ಇದೇ.

ಬಿಸಿಗೆ ಬಲ್ಬ್ ಬೇಡ ಅಂದೆ. ಕರೆಂಟ್ ಹೋದರೆ ಮರಿ ತಣ್ಣಗಾಗುತ್ತದೆ, ಹೋಗದಿದ್ದರೆ ತಾಯಿಗೆ ಸೆಕೆ. ಕ್ವಾರ್ಟರ್ ಬಾಟಲಿಗೆ ಬಿಸಿನೀರು ತುಂಬಿ, ಹಳೇ ಕಾಲುಚೀಲ ತೊಡಿಸಿ ಮೂಲೆಯಲ್ಲಿಟ್ಟೆ. ಬೇಕಾದಾಗ ಹತ್ತಿರ ಹೋಗುತ್ತದೆ, ಬೇಡವಾದಾಗ ದೂರ. ಶೆಡ್ಡಿನಲ್ಲಿ ಅಷ್ಟು ಬಾಟಲಿ ನೋಡಿದ ನೆಂಟರು ಏನಂದುಕೊಂಡರೋ ಅವರನ್ನೇ ಕೇಳಬೇಕು.

ಆರನೇ ಏಳನೇ ದಿನಕ್ಕೆ ಸ್ವಲ್ಪ ಗೊರಗೊರ ಸದ್ದು ಬಂತು. ಮೆಡಿಕಲ್ ಶಾಪಿನವರು ಮಕ್ಕಳ ಅಮಾಕ್ಸಿಸಿಲಿನ್ ಸಿರಪ್ ತೆಗೆದೇಬಿಟ್ಟಿದ್ದರು. ಬೇಡ ಅಂದೆ. ಅಮಾಕ್ಸಿಸಿಲಿನ್, ಪೆನಿಸಿಲಿನ್ ಬಾಯಿಗೆ ಹಾಕಿದರೆ ಗಿನಿಪಿಗ್‌ನ ಕರುಳಿನ ಒಳ್ಳೆಯ ಜೀವಿಗಳೆಲ್ಲ ಸತ್ತು ಪ್ರಾಣಿಯೇ ಹೋಗುತ್ತದೆ. ಮದ್ದೂರಿನ ಗೆಳೆಯ ಒಂದು ಇಡೀ ಗೂಡು ಖಾಲಿ ಮಾಡಿಕೊಂಡಿದ್ದು ಹೀಗೇ. ಮೈಸೂರಿನಲ್ಲಿ ಸಣ್ಣ ಪ್ರಾಣಿ ನೋಡುವ ಇನ್ನೊಬ್ಬ ಡಾಕ್ಟರ್ ಸಿಕ್ಕರು. ಅವರು ಕೊಟ್ಟ ಔಷಧಿಯಲ್ಲಿ ಮೂರ್ನಾಲ್ಕು ದಿನಕ್ಕೆ ಸದ್ದು ನಿಂತಿತು.

ತೂಕ ಹಾಕದೆ ಈ ಕೆಲಸಕ್ಕೆ ಇಳಿಯಬೇಡಿ. ಚಿನ್ನದ ಅಂಗಡಿ ಥರದ ಪುಟ್ಟ ಮೆಷಿನ್ ಆನ್‌ಲೈನ್‌ನಲ್ಲಿ 300–400ಕ್ಕೆ ಸಿಗುತ್ತದೆ. ಮೊದಲೆರಡು ದಿನ ಎಲ್ಲ ಮರಿಯೂ ಸ್ವಲ್ಪ ಇಳಿಯುತ್ತದೆ, ಗಾಬರಿ ಬೇಡ. ಆಮೇಲೆ ದಿನಕ್ಕೆ ಒಂದು ಗ್ರಾಂ ಆದರೂ ಏರಬೇಕು. ಇದು ಮೊದಲ ವಾರ ಒಂದು ಏರಿದರೆ ಅರ್ಧ ಇಳಿಯುತ್ತಿತ್ತು. ಎರಡನೇ ವಾರದಿಂದ ಎರಡು, ಮೂರು ಗ್ರಾಂ. ತಿಂಗಳ ಹೊತ್ತಿಗೆ ನೂರು ಮುಟ್ಟಿತು. ಅಷ್ಟರಲ್ಲಿ ಅದರ ಅಕ್ಕ ಇನ್ನೂರೈವತ್ತರ ಮೇಲಿತ್ತು, ಅದು ಬೇರೆ ಮಾತು.

ಸೊಪ್ಪಿನ ಪ್ರಯೋಗ ಬೇರೆ ನಡೆಯುತ್ತಿತ್ತು. ಮಂಡ್ಯ ಅಂದಮೇಲೆ ಕಬ್ಬಿನ ಸೋಗೆ ಪುಕ್ಕಟೆ. ಹಸಿ ಸೋಗೆ ಹಾಕಿದೆ, ಅಂಚು ಗರಗರ, ದೊಡ್ಡವುಗಳ ತುಟಿಯೇ ಕುಯ್ದಿತು. ರಾಗಿ ಗಂಜಿಗೆ ಹೊಟ್ಟೆ ಉಬ್ಬರ. ನೀರಲ್ಲಿ ಬೆಳೆಯುವ ಅಜೋಲಾ ಮೂಸಿ ನೋಡಿ ಬಿಟ್ಟವು. ಗೆದ್ದಿದ್ದು ಹಿಪ್ಪುನೇರಳೆ. ಮಳವಳ್ಳಿ ಕಡೆಯ ಪರಿಚಯದ ರೈತರು ತಂದುಕೊಟ್ಟರು. ರೇಷ್ಮೆ ಹುಳ ತಿನ್ನುವ ಸೊಪ್ಪು, ಔಷಧಿ ಹೊಡೆದರೆ ಅವರೇ ವಾಯಿದೆ ಮುಗಿಯೋ ತನಕ ಕೊಯ್ಯಲ್ಲ, ಅಷ್ಟು ನಂಬಿಕೆ. ಈಗ ಇಡೀ ಶೆಡ್ಡಿಗೆ ಅದೇ. ಟಿಮೊಥಿ ಹುಲ್ಲಿನ ಖರ್ಚು ಅರ್ಧಕ್ಕೆ ಇಳಿದಿದೆ. ಕುದುರೆಮೆಂತೆ ಮರಿಗೆ, ಗಬ್ಬದವಕ್ಕೆ ಮಾತ್ರ. ದೊಡ್ಡವಕ್ಕೆ ದಿನಾ ಹಾಕಿದರೆ ಸುಣ್ಣದಂಶ ಜಾಸ್ತಿಯಾಗಿ ಮೂತ್ರಕೋಶದಲ್ಲಿ ಕಲ್ಲು.

ಕುರುಡು ಪ್ರಾಣಿಯನ್ನು ಸಾಕುವುದು ಅಂದುಕೊಂಡಷ್ಟು ಕಷ್ಟ ಇಲ್ಲ. ಗೂಡಿನ ಸಾಮಾನು ಜರುಗಿಸಬಾರದು, ಅಷ್ಟೆ. ಮಲಗುವ ಕಡೆ ಭತ್ತದ ಹುಲ್ಲು, ಊಟದ ಕಡೆ ಗೋಣಿ ತಾಟು. ಕಾಲಿಗೆ ಗೋಣಿ ತಾಗಿದರೆ ಊಟ ಅಂತ ಅದಕ್ಕೆ ನಾಲ್ಕೈದು ದಿನದಲ್ಲಿ ಗೊತ್ತಾಯಿತು. ತಟ್ಟೆಯಂಚಿಗೆ ಕೊತ್ತಂಬರಿ ಉಜ್ಜುತ್ತೇನೆ. ಕಿವಿ ಕೇಳದ್ದರಿಂದ ಎತ್ತುವ ಮೊದಲು ಹಲಗೆಯನ್ನು ಬೆರಳಲ್ಲಿ ಎರಡು ಸಲ ತಟ್ಟಿ, ಕೈ ಮೂಸಲು ಬಿಡುತ್ತೇನೆ. ಸುಮ್ನೆ ಮೇಲಿಂದ ಹಿಡಿದರೆ ಹೆದರಿ ಹಾರುತ್ತದೆ. ಅಕ್ಕನನ್ನು ಜೊತೆಗೇ ಬಿಟ್ಟಿದ್ದೇನೆ. ಅದರ ಬೆನ್ನಿಗೆ ಅಂಟಿಕೊಂಡೇ ಇದು ಓಡಾಡುತ್ತದೆ. ಗಂಡಿನ ಹತ್ತಿರ ಇದನ್ನು ಬಿಡುವ ಪ್ರಶ್ನೆಯೇ ಇಲ್ಲ.

ಹಲ್ಲು ಮಾತ್ರ ಜೀವನಪೂರ್ತಿ ಖರ್ಚು. ಮುಂದಿನ ಹಲ್ಲು ಒಂದಕ್ಕೊಂದು ಕೂಡಲ್ಲ, ಬೆಳೆಯುತ್ತಲೇ ಹೋಗುತ್ತವೆ. ಐದಾರು ವಾರಕ್ಕೊಮ್ಮೆ ಡಾಕ್ಟರ ಹತ್ತಿರ ಕತ್ತರಿಸಬೇಕು, ಸಲಕ್ಕೆ 300 ರೂಪಾಯಿ, ಬಸ್ ಚಾರ್ಜ್ ಬೇರೆ. ಉಗುರು ಕತ್ತರಿಯಲ್ಲಿ ಮನೆಯಲ್ಲೇ ಮಾಡಬಹುದು ಅನ್ನುವವರಿದ್ದಾರೆ. ಹಲ್ಲು ಉದ್ದಕ್ಕೆ ಸೀಳುತ್ತದೆ, ಬೇಡ. ಇಲ್ಲಿಯವರೆಗೆ ಒಟ್ಟು ಲೆಕ್ಕ ಹಾಕಿದರೆ ಹಾಲಿನ ಪುಡಿ ಏಳೆಂಟು ನೂರು, ಡಾಕ್ಟರ್ ಎರಡು ಸಾವಿರ, ಚಿಲ್ಲರೆ ಸೇರಿ ನಾಲ್ಕು ಸಾವಿರದ ಹತ್ತಿರ. ಅಂಗಡಿಗೆ ನಾನು ಒಂದು ಮರಿ ಕೊಡುವುದು ಇನ್ನೂರೈವತ್ತಕ್ಕೆ! ವ್ಯಾಪಾರ ಅಂತ ನೋಡಿದರೆ ಹುಚ್ಚು ಕೆಲಸ. ಆದರೆ ಬ್ರಷ್ಷು, ತಾಯಿಯ ಹತ್ತಿರ ಮರಿಗಳ ಅದಲುಬದಲು ಎರಡೂ ಕಲಿತ ಮೇಲೆ ನಾಲ್ಕೈದು ಮರಿಯ ಸೂಲುಗಳಲ್ಲಿ ಸೊರಗಿದ ಮರಿಗಳೂ ಹೆಚ್ಚಿನವು ಉಳಿಯುತ್ತಿವೆ. ಮೊದಲು ಅವನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಆ ದುಡ್ಡು ಅಲ್ಲಿ ವಾಪಸ್ ಬಂತು.

"ಬುಡಣ್ಣ, ಯಾಕೆ ಸುಮ್ನೆ ಒದ್ದಾಡ್ತೀಯ" ಅಂತಿದ್ದ ಮದ್ದೂರಿನ ಗೆಳೆಯ ಮೊನ್ನೆ ಬೆಳಗ್ಗೇನೇ ಬೈಕಿನಲ್ಲಿ ಬಂದ. ಶೂ ಡಬ್ಬದಲ್ಲಿ ಒಂದು ಸೊರಗಿದ ಮರಿ, ಜೊತೆಗೆ ಹೊಸ ಬ್ರಷ್. ತಾಯಿ ಎಲ್ಲಿ ಅಂದೆ. ಮನೆಯಲ್ಲಿದೆ ಅಂದ. ಮರಿಗೆ ಎರಡು ಬ್ರಷ್ ಗಂಜಿ ನೆಕ್ಕಿಸಿ, ಅದೇ ಡಬ್ಬದಲ್ಲಿ ಬಿಸಿನೀರಿನ ಬಾಟಲಿ ಇಟ್ಟು, ಹೋಗಿ ತಾಯಿಯ ಹತ್ತಿರ ಬಿಡು ಅಂತ ವಾಪಸ್ ಕಳಿಸಿದೆ.